ಎರಡು ಸಿಕಮೋರ್ ಮರಗಳ ನಡುವೆ

ಚಳಿ ಕಳೆಯಿತೆಂದರೆ ಡೆಲ್ಬರ್ಟ್ ಹಾಸ್ಕಿನ್ಸ್ ಅಡುಗೆಮನೆಯ ಮೇಜಿನ ಮೇಲೆ ಮಿಸೌರಿಯ ನಕ್ಷೆ ಹರಡಿಕೊಂಡು ಕೂರುವುದು ಆ ಮನೆಯ ವಾಡಿಕೆ. ವರ್ಷದ ಕುದುರೆ ಸವಾರಿಗೆ ಯಾವ ನದಿ, ಯಾವ ಸ್ಟೇಟ್ ಪಾರ್ಕು, ಕುದುರೆಗಳಿಗೆ ನೀರೆಲ್ಲಿ, ಕಟ್ಟಿಹಾಕಲು ನೆರಳೆಲ್ಲಿ, ಎಲ್ಲವನ್ನೂ ಅವನೇ ಗೊತ್ತುಮಾಡುತ್ತಿದ್ದ. ಹೆಂಡತಿ ರೊವೀನಾ ಕಾಫಿ ಬಗ್ಗಿಸಿಕೊಟ್ಟು, "ಯಾವತ್ತು ಹೊರಡೋದು ಅಂತ ಹೇಳು ಸಾಕು," ಎಂದು ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು.

ಈ ವರ್ಷ ನಕ್ಷೆ ಹರಡಿದವಳು ರೊವೀನಾ. ಡೆಲ್ಬರ್ಟನ ಎರಡೂ ಕಣ್ಣುಗಳ ನಡುಭಾಗದ ದೃಷ್ಟಿ ಹೋಗಿಬಿಟ್ಟಿತ್ತು. ನೇರವಾಗಿ ನೋಡಿದ್ದೆಲ್ಲ ಬೂದಿ ಬಳಿದ ಹಾಗೆ. ಅಂಚಿನಲ್ಲಿ ಮಾತ್ರ ಒಂದಿಷ್ಟು ಕಾಣುತ್ತಿತ್ತು. ಹೆಂಡತಿಯ ಮುಖ ಕಾಣಬೇಕೆಂದರೆ ಅವನು ಪಕ್ಕದ ಒಲೆಯನ್ನು ನೋಡಬೇಕಿತ್ತು. ಡ್ರೈವಿಂಗ್ ಲೈಸೆನ್ಸನ್ನು ತಾನೇ ಹೋಗಿ ಒಪ್ಪಿಸಿ ಬಂದಿದ್ದ. ಆದರೆ ಸವಾರಿ ಬಿಡುವ ಮಾತನ್ನು ಯಾರಾದರೂ ಎತ್ತಿದರೆ, "ಕುದುರೆಗೆ ಕಣ್ಣಿದೆಯಲ್ಲ," ಎಂದು ಬಾಯಿ ಮುಚ್ಚಿಸುತ್ತಿದ್ದ.

"ಹೋದ ವರ್ಷ ಹೋಗಿದ್ದ ಪಾರ್ಕಿಗೇ ಹೋಗೋಣ," ಎಂದ. "ಅಲ್ಲಿ ಒಂದೊಂದು ಕಲ್ಲೂ ನಂಗೆ ಗೊತ್ತು."

"ಅದಕ್ಕೇ ಬೇಡ," ಎಂದಳು ರೊವೀನಾ. "ಅಲ್ಲಿಗೆ ಹೋದ್ರೆ ದಿನವೆಲ್ಲ ಕಾಣದೇ ಇರೋದನ್ನ ಹುಡುಕ್ತಾ ಕೂರ್ತೀಯ. ನಾವು ಇನ್ನೂ ನೋಡದೇ ಇರೋ ನದಿಗೆ ಹೋಗೋಣ. ಅಲ್ಲಿ ನಾನೂ ಹೊಸಬಳು, ನೀನೂ ಹೊಸಬ."

ಡೆಲ್ಬರ್ಟ್ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಅವಳು ಬೆರಳಿಟ್ಟು ದಾರಿ ಓದುತ್ತ ಹೋದಳು. ಹೆದ್ದಾರಿ, ಸೇತುವೆ, ಆಮೇಲೆ ದಕ್ಷಿಣಕ್ಕೆ ತಿರುಗುವ ಜಲ್ಲಿ ರಸ್ತೆ. ಮೊದಲು ನದಿಯ ಮೇಲ್ಭಾಗದ ಪಾರ್ಕು, ಅಲ್ಲಿಂದ ಕೆಳಗೆ ಇನ್ನೊಂದು. ಪಾರ್ಕಿನಲ್ಲಿ ತೋರಿಸಲು ಕುದುರೆಗಳ ರಕ್ತಪರೀಕ್ಷೆಯ ಕಾಗದ ಇಟ್ಟುಕೊಳ್ಳಬೇಕು, ಹುಲ್ಲನ್ನು ಮನೆಯಿಂದಲೇ ಒಯ್ಯಬೇಕು, ನದಿ ದಾಟುವ ಜಾಗದಲ್ಲಿ ನೀರೆಷ್ಟಿದೆ ಎಂದು ಪಾರ್ಕಿನವರನ್ನು ಫೋನಿನಲ್ಲಿ ಕೇಳಬೇಕು. ಇಷ್ಟು ವರ್ಷ ತಾನು ಗೊಣಗಿಕೊಂಡು ಮಾಡುತ್ತಿದ್ದುದನ್ನೆಲ್ಲ ಇವಳು ಕಾಫಿ ಬಗ್ಗಿಸುತ್ತಲೇ ಕಲಿತಿದ್ದಾಳಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು.

ಉಳಿದದ್ದು ಒಂದೇ. ಪಿಕಪ್ಪಿಗೆ ಕುದುರೆ ಟ್ರೈಲರನ್ನು ಕಟ್ಟಿ ಎಳೆದುಕೊಂಡು ಹೋಗುವವರು ಯಾರು? ರೊವೀನಾ ಕಾರು ಓಡಿಸಿದವಳೇ ಹೊರತು ಟ್ರೈಲರಿಗೆ ಕೈಹಾಕಿದವಳಲ್ಲ. ಅವಳ ತಮ್ಮ ಕ್ಲೇಟನ್ ಭಾನುವಾರ ಊಟಕ್ಕೆ ಬಂದವನು ಹುರಿದ ಕೋಳಿ ಕಡಿಯುತ್ತಲೇ ಪರಿಹಾರ ಹೇಳಿದ.

"ನಾನೇ ಎಳ್ಕೊಂಡು ಹೋಗಿ ನಿಮ್ಮನ್ನ ಅಲ್ಲಿ ಬಿಡ್ತೀನಿ. ಮುಗಿದ್ಮೇಲೆ ಬಂದು ಎತ್ಕೊಂಡು ಬರ್ತೀನಿ."

"ನಾವೇನು ಪಾರ್ಸಲ್ಲೇನೋ?" ಎಂದಳು ರೊವೀನಾ.

"ಹಂಗಲ್ಲ ಕಣೆ. ಮುಂದಕ್ಕೆ ಯಾರು ಬೇಕಾದ್ರೂ ಓಡಿಸ್ತಾರೆ. ರಿವರ್ಸ್ ತಗೋಬೇಕಲ್ಲ? ಕ್ಯಾಂಪಿನಲ್ಲಿ ಎಲ್ರೂ ಕುರ್ಚಿ ಹಾಕ್ಕೊಂಡು ಅದನ್ನೇ ಕಾಯ್ತಿರ್ತಾರೆ, ಸಿನಿಮಾ ನೋಡೋ ಹಾಗೆ."

"ನೋಡ್ಲಿ ಬಿಡು," ಎಂದು ಅವಳು ಅವನ ತಟ್ಟೆಗೆ ಇನ್ನಷ್ಟು ಆಲೂಗಡ್ಡೆ ಬಡಿಸಿದಳು.

ಮಾರನೆಯ ದಿನವೇ ಅಭ್ಯಾಸ ಶುರುವಾಯಿತು. ಊರಾಚೆಯ ದನದ ಹರಾಜಿನ ಮೈದಾನ ಹರಾಜಿಲ್ಲದ ದಿನ ಖಾಲಿಯಿರುತ್ತದೆ. ಎರಡು ಪ್ಲಾಸ್ಟಿಕ್ ಬಕೆಟ್ ಇಟ್ಟು, ಅವುಗಳ ನಡುವೆ ಖಾಲಿ ಟ್ರೈಲರನ್ನು ಹಿಂದಕ್ಕೆ ತರಬೇಕು. ಡೆಲ್ಬರ್ಟ್ ಪಕ್ಕದ ಸೀಟಿನಲ್ಲಿ ಕೂತು, "ಎಡಕ್ಕೆ, ಎಡಕ್ಕೆ ಅಂದ್ನಲ್ಲ, ಇನ್ನೂ ಎಡಕ್ಕೆ," ಎಂದು ಅರಚಿದ. ರಿವರ್ಸಿನಲ್ಲಿ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರ್ ಬಲಕ್ಕೆ ಹೋಗುತ್ತದೆ. ಅವನು ಹೇಳುತ್ತಿದ್ದುದು ಯಾವುದರ ಎಡ ಎಂದು ಅವಳಿಗೆ ಗೊತ್ತಾಗಲಿಲ್ಲ. ಒಂದು ಬಕೆಟ್ ಚಪ್ಪಟೆಯಾಯಿತು.

ರೊವೀನಾ ಗಾಡಿ ನಿಲ್ಲಿಸಿದಳು.

"ಇಳಿ," ಎಂದಳು.

"ಏನು?"

"ಇಳಿದು ಅಲ್ಲಿ ಹೋಗಿ ನಿಂತ್ಕೋ ಮಾರಾಯ. ನಿನ್ನ ಬಾಯಿ ಕೇಳಿದ್ರೆ ನನ್ನ ಕೈಯೇ ಓಡಲ್ಲ."

ಡೆಲ್ಬರ್ಟನ ಮುಖ ಸಣ್ಣದಾಯಿತು. ಇಳಿದು ಬೇಲಿಗೆ ಒರಗಿ ನಿಂತ. ಎಂಜಿನ್ ಗುರುಗುಟ್ಟಿತು, ನಿಂತಿತು, ಮತ್ತೆ ಗುರುಗುಟ್ಟಿತು. ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಚಕ್ರದಡಿಯ ಜಲ್ಲಿಯ ಸದ್ದಿನಲ್ಲೇ ತಪ್ಪು ಎಲ್ಲಾಗುತ್ತಿದೆ ಎಂದು ಅವನಿಗೆ ತಿಳಿಯುತ್ತಿತ್ತು. ಹೇಳಬೇಕೆಂದು ನಾಲಿಗೆ ತುರಿಸುತ್ತಿತ್ತು. ಕೊನೆಗೆ ಅವಳೇ ಕಿಟಕಿ ಇಳಿಸಿ, "ಒಂದೇ ಒಂದು ಮಾತು ಹೇಳು. ಒಂದೇ," ಎಂದಳು.

ಅವನು ಬೇಲಿ ಬಿಟ್ಟು ಕಿಟಕಿಯ ಹತ್ತಿರ ಬಂದ. "ಸ್ಟಿಯರಿಂಗಿನ ಮೇಲ್ಭಾಗ ಹಿಡ್ಕೋಬೇಡ, ಕೆಳಭಾಗ ಹಿಡ್ಕೋ. ಟ್ರೈಲರಿನ ಹಿಂಭಾಗ ಯಾವ ಕಡೆ ಹೋಗ್ಬೇಕೋ ಕೈನ ಆ ಕಡೆ ಸರಿಸು. ಅಷ್ಟೆ."

ಅವಳು ಕಿಟಕಿ ಏರಿಸಿದಳು. ಆ ಮಧ್ಯಾಹ್ನ ಮತ್ತೆ ಬಕೆಟ್ ಮುರಿಯಲಿಲ್ಲ.

ಮೇ ತಿಂಗಳಲ್ಲಿ ಹೊರಟರು. ಹಿಂದೆ ಟ್ರೈಲರಿನಲ್ಲಿ ಅವನ ಕಂದು ಕುದುರೆ ಬಿಸ್ಕಿಟ್ ಮತ್ತು ಅವಳ ಬೂದು ಹೆಣ್ಣುಕುದುರೆ ಜೂನ್. ಡೆಲ್ಬರ್ಟ್ ದಾರಿಯುದ್ದಕ್ಕೂ ಕಿಟಕಿಯಾಚೆ ಮುಖಮಾಡಿ ಕೂತಿದ್ದ. ಬೆಟ್ಟದ ತಿರುವುಗಳಲ್ಲಿ ಅವನ ಬಲಗಾಲು ಮಾತ್ರ ತಾನಾಗಿಯೇ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಪಾರ್ಕಿನ ಕುದುರೆ ಕ್ಯಾಂಪು ನದಿಯ ದಂಡೆಯಲ್ಲಿತ್ತು. ಅವರಿಗೆಂದು ಗೊತ್ತುಮಾಡಿದ್ದ ಜಾಗ ಎರಡು ದಪ್ಪ ಸಿಕಮೋರ್ ಮರಗಳ ನಡುವೆ. ಕ್ಲೇಟನ್ ಹೇಳಿದ್ದು ಸುಳ್ಳಾಗಿರಲಿಲ್ಲ. ಅಲ್ಲಲ್ಲಿ ಕುರ್ಚಿಗಳಲ್ಲಿ ಕೂತವರ ಮಾತು ಇವರ ಪಿಕಪ್ ನಿಧಾನವಾಗುತ್ತಿದ್ದಂತೆ ನಿಂತುಹೋಯಿತು. ಡೆಲ್ಬರ್ಟ್ ಇಳಿದು ದೂರ ನಿಂತ.

ರೊವೀನಾ ಹಿಂದಕ್ಕೆ ತೆಗೆದಳು. ಟ್ರೈಲರ್ ಸೊಟ್ಟಗಾಯಿತು. ಯಾರೋ ಕಿಸಕ್ಕೆಂದರು. ಬೂಟಿನ ಸದ್ದು ಮಾಡುತ್ತ ಒಬ್ಬ ದೊಡ್ಡ ಆಳು ಹತ್ತಿರ ಬಂದ.

"ನೀವ್ಯಾಕೆ ಮೇಡಂ ಕಷ್ಟಪಡ್ತೀರ, ಕೀ ಕೊಡಿ. ನಾನು ಒಂದ್ನಿಮಿಷದಲ್ಲಿ ನಿಲ್ಲಿಸಿಕೊಡ್ತೀನಿ." ಆಮೇಲೆ ಡೆಲ್ಬರ್ಟನ ಕಡೆ ತಿರುಗಿ, "ಏನ್ ಸಾರ್, ನೀವು ಓಡಿಸಲ್ವಾ?" ಎಂದ.

ಡೆಲ್ಬರ್ಟನಿಗೆ ನಗು ಬಂತು.

"ಇಲ್ಲ ಸ್ವಾಮಿ. ನಮ್ಮಲ್ಲಿ ಡ್ರೈವರ್ ಅವಳು, ನಾನು ಅಡುಗೆಯೋನು. ನೀವು ದಾರಿ ಬಿಟ್ಟು ಈ ಕಡೆ ನಿಂತ್ಕೊಳ್ಳಿ. ಅವಳಿಗೆ ಕನ್ನಡಿಯಲ್ಲಿ ಮರ ಕಾಣ್ಬೇಕು."

ರೊವೀನಾ ಮುಂದಕ್ಕೆ ಹೋಗಿ ಗಾಡಿಯನ್ನು ನೇರ ಮಾಡಿಕೊಂಡಳು. ಕೆಳಗಿಳಿದು ಎರಡೂ ಮರಗಳ ಹತ್ತಿರ ನಡೆದು ನೋಡಿ, ಅವಸರವಿಲ್ಲದೆ ಮತ್ತೆ ಹತ್ತಿದಳು. ಡೆಲ್ಬರ್ಟ್ ಅವಳಿಂದ ಮುಖ ತಿರುಗಿಸಿ ನದಿಯತ್ತ ನೋಡಿದ. ಹಾಗೆ ನೋಡಿದಾಗ ಕಣ್ಣಂಚಿನಲ್ಲಿ ಟ್ರೈಲರಿನ ಬಿಳಿ ಬೆನ್ನು ಮರಗಳ ನಡುವೆ ಸರಿಯುತ್ತಿರುವುದು ಕಂಡಿತು. ಜಲ್ಲಿ ಎಲ್ಲೂ ಕಿರುಗುಟ್ಟಲಿಲ್ಲ, ಒಳಗಿನ ಕುದುರೆಗಳು ಕಾಲು ಬದಲಿಸಲಿಲ್ಲ. ಎಂಜಿನ್ ಆರಿತು.

ಕುರ್ಚಿಯಲ್ಲಿದ್ದವರು ನಿಂತಿದ್ದ ತಮ್ಮ ಹರಟೆ ಮುಂದುವರಿಸಿದರು. ಕುದುರೆ ಕ್ಯಾಂಪಿನಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲವೆಂದು ಡೆಲ್ಬರ್ಟನಿಗೆ ಗೊತ್ತಿತ್ತು.

ಅವನು ಹಿಂದಿನ ಬಾಗಿಲು ತೆರೆದು ಬಿಸ್ಕಿಟನ್ನು ಇಳಿಸಿದ. ಕತ್ತಿನ ಮೇಲೆ, ಎದೆಯ ಮೇಲೆ, ಹೊಟ್ಟೆಯ ಅಡಿ ಕೈಯಾಡಿಸಿದ. ಎಲ್ಲ ಒಣಗಿತ್ತು. ಅವನು ಓಡಿಸುತ್ತಿದ್ದ ಕಾಲದಲ್ಲಿ ಈ ಕುದುರೆ ಪ್ರತಿಸಲವೂ ಬೆವರಿನಲ್ಲಿ ನೆಂದು ಇಳಿಯುತ್ತಿತ್ತು. ಅದು ಬಿಸ್ಕಿಟನ ಪುಕ್ಕಲು ಸ್ವಭಾವ ಎಂದೇ ಅವನು ಇಷ್ಟು ವರ್ಷ ನಂಬಿದ್ದ.

"ರೊವೀನಾ, ಇಲ್ಲಿ ಬಾ. ಇವನ ಮೈ ಮುಟ್ಟಿ ನೋಡು."

ಅವಳು ಗಾಬರಿಯಿಂದ ಓಡಿಬಂದಳು. "ಯಾಕೆ, ಏನಾಯ್ತು?"

"ಏನೂ ಆಗಿಲ್ಲ. ಬೆವರೇ ಇಲ್ಲ. ದಾರಿಗೆ ಅಂತ ಒಳಗೆ ಕಟ್ಟಿದ್ದ ಹುಲ್ಲೂ ಪೂರ್ತಿ ತಿಂದಿದ್ದಾನೆ. ಇವನು ಪುಕ್ಕಲ ಅಲ್ಲ ಕಣೆ. ನನ್ನ ಡ್ರೈವಿಂಗೇ ಹಾಗಿತ್ತು."

ರೊವೀನಾ ಕುದುರೆಯ ಕತ್ತಿನ ಮೇಲೆ ಕೈಯಿಟ್ಟು ನಿಂತಳು. "ಇಷ್ಟು ವರ್ಷ ನಾನೂ ನಿನ್ನ ಗಾಡಿಯಲ್ಲೇ ಕೂತು ಬಂದಿಲ್ವಾ? ನಂಗೆ ಯಾವಾಗ್ಲೋ ಗೊತ್ತಿತ್ತು," ಎಂದಳು.

ಸಂಜೆ ಆ ದೊಡ್ಡ ಆಳೇ ಒಂದು ಬಾಣಲೆ ಹುರಿದ ಮೀನು ಹಿಡಿದುಕೊಂಡು ಬಂದ. ಮಾತಿನ ನಡುವೆ, ಮೇಡಂ ಎಷ್ಟು ವರ್ಷದಿಂದ ಟ್ರೈಲರ್ ಓಡಿಸುತ್ತಿದ್ದಾರೆ ಎಂದು ಕೇಳಿದ. ರೊವೀನಾ ಬಾಯಿ ತೆರೆಯುವ ಮೊದಲೇ ಡೆಲ್ಬರ್ಟ್ ಸುತ್ತಲಿನ ಕುರ್ಚಿಗಳಿಗೆಲ್ಲ ಕೇಳುವಂತೆ ಹೇಳಿದ.

"ಈ ಮಾರ್ಚಿನಿಂದ."

ಬೆಳಿಗ್ಗೆ ಇಬ್ಬರೂ ಜೀನು ಬಿಗಿದು ನದಿಗಿಳಿದರು. ಜೂನ್ ನೀರಿನಂಚಿನಲ್ಲಿ ಅನುಮಾನಿಸಿ ನಿಂತಿತು. ಡೆಲ್ಬರ್ಟ್ ಲಗಾಮು ಸಡಿಲಬಿಟ್ಟು ಹಿಮ್ಮಡಿಯಿಂದ ಮೆಲ್ಲಗೆ ಒತ್ತಿದ. ಬಿಸ್ಕಿಟ್ ಕಿವಿ ನಿಮಿರಿಸಿ, ಗೊತ್ತಿಲ್ಲದ ಆ ನದಿಗೆ ತಾನೇ ಮುಂದಾಗಿ ಕಾಲಿಟ್ಟಿತು. ತಣ್ಣನೆಯ ನೀರು ಅವನ ಬೂಟನ್ನು ಮುಟ್ಟಿತು. ಹಿಂದೆ ಜೂನ್ ನೀರಿಗಿಳಿದ ಸದ್ದು ಕೇಳಿದ ಮೇಲೆ ಅವನು ಆಚೆ ದಂಡೆಯತ್ತ ಕುದುರೆಯನ್ನು ಬಿಟ್ಟ.