ಯಜಮಾನರಿಗೊಂದು ಕೋವಿ

ತಾಪೀಸಾಳ ಯಜಮಾನರಿಗೆ ಈ ವಸಂತಕ್ಕೆ ಹನ್ನೊಂದು ತುಂಬಿತ್ತು. ಎರಡು ಜಡೆ, ಕೊಂಚ ಅಗಲವಾದ ಮುಂದಿನ ಹಲ್ಲು, ಹಿಮದ ಬಿಸಿಲಿಗೆ ಸುಲಿದ ಮೂಗು. ಹಾಗೆ ನೋಡಿದರೆ ಅವಳು ತಾಪೀಸಾಳ ಮಗಳ ಮಗಳು. ಆದರೆ ತಾಪೀಸಾಳ ಗಂಡ, ಮುದುಕ ಕೌತಾಕ್ ತೀರಿಕೊಂಡ ನಾಲ್ಕನೇ ತಿಂಗಳಿಗೆ ಹುಟ್ಟಿದ ಆ ಕೂಸಿಗೆ ಅವನ ಹೆಸರನ್ನೇ ಇಟ್ಟರು. ಹೆಸರು ಬಂದ ಮೇಲೆ ಮನುಷ್ಯನೂ ಬಂದ ಹಾಗೆಯೇ. ಅಂದಿನಿಂದ ತಾಪೀಸಾ ಮೊಮ್ಮಗಳನ್ನು ‘ರೀ’ ಎಂದೇ ಕರೆಯುತ್ತಾಳೆ. ಹುಡುಗಿ ಅಜ್ಜಿಯನ್ನು ‘ಏನೇ’ ಎನ್ನುತ್ತಾಳೆ. ಮೂವತ್ತೆಂಟು ದಾಟಿದ ಸೋದರಮಾವ ಪೌಲೂಸಿ ಅವಳನ್ನು ‘ಅಪ್ಪಾ’ ಎಂದು ಕರೆದು, ಅಪ್ಪ ಕೇಳಿದ ಚಾಕಲೇಟನ್ನು ತೆಪ್ಪಗೆ ಕೊಡಿಸುತ್ತಾನೆ. ಮಂಜುಗಡ್ಡೆಯ ಕಡಲ ದಂಡೆಯ ಈ ಊರಲ್ಲಿ ಇದಕ್ಕೆ ಯಾರೂ ನಗುವುದಿಲ್ಲ. ನಗುವವರೇನಿದ್ದರೂ ವಿಮಾನದಲ್ಲಿ ಬಂದು ವಿಮಾನದಲ್ಲೇ ಹೋಗುವ ಜನ.

ಶನಿವಾರ ಪೌಲೂಸಿ ಸೀಲ್ ಬೇಟೆಗೆ ಹೊರಡುವವನಿದ್ದ. ಈ ಸಲ ಹುಡುಗಿಯೂ ಹೋಗಬೇಕು, ಅವಳ ಕೈಯಲ್ಲಿ ಅವಳದೇ ಕೋವಿ ಇರಬೇಕು ಎಂದು ತಾಪೀಸಾ ಹಟ ಹಿಡಿದಿದ್ದಳು. ಹಟದ ಹಿಂದೆ ಇದ್ದದ್ದು ಒಂದೇ ಆಸೆ. ಹನ್ನೊಂದು ವರ್ಷದಿಂದ ಅವಳು ಹುಡುಗಿಯಲ್ಲಿ ಗಂಡನ ನಗು ಹುಡುಕಿದ್ದಳು, ನಡಿಗೆ ಹುಡುಕಿದ್ದಳು, ಗೊರಕೆಯನ್ನೂ ಹುಡುಕಿದ್ದಳು. ಅಷ್ಟಿಷ್ಟು ಸಿಕ್ಕಿತ್ತು, ಮನಸ್ಸು ತುಂಬುವಷ್ಟು ಸಿಕ್ಕಿರಲಿಲ್ಲ. ಕೋವಿ ಕೈಗೆ ಬಂದರೆ ಅವರು ಪೂರ್ತಿ ಬಂದೇ ಬರುತ್ತಾರೆ ಎಂದು ಅವಳು ನಂಬಿದ್ದಳು. ಬರದಿದ್ದರೆ? ಆ ಯೋಚನೆಯನ್ನು ಅವಳು ಹತ್ತಿರ ಸೇರಿಸುತ್ತಿರಲಿಲ್ಲ.

ಅಜ್ಜಿ ಮೊಮ್ಮಗಳು ಹೋಗಿ ಕೇಳಿದಾಗ ಸಹಕಾರ ಸಂಘದ ಅಂಗಡಿಯ ಮೊಸೇಸಿ ಎರಡು ಕೋವಿಗಳನ್ನು ಹೊರತೆಗೆದು ಹಿಟ್ಟಿನ ಚೀಲಗಳ ಮೇಲೆ ಅಡ್ಡ ಇಟ್ಟ. ಎರಡೂ ಕೈಯಿಂದ ಬೋಲ್ಟ್ ಎಳೆದು ಗುಂಡು ತುಂಬುವಂಥವು. ಒಂದು ಗಿಡ್ಡ, ಕಪ್ಪು ಪ್ಲಾಸ್ಟಿಕ್ಕಿನ ಹಿಡಿ, ಪೆನ್ಸಿಲಿನಷ್ಟು ತೆಳುವಾದ ಗುಂಡಿನ, ಇಪ್ಪತ್ತೆರಡು ನಂಬರಿನದು. ಇನ್ನೊಂದು ಉದ್ದ, ಭಾರ, ಮರದ ಹಿಡಿಯದು, ಸಾರಂಗವನ್ನೂ ಕೆಡವುವ ಇನ್ನೂರ ನಲವತ್ಮೂರು ನಂಬರಿನದು.

"ಈ ಇಪ್ಪತ್ತೆರಡು ತಗೊಳ್ಳಿ ಅಜ್ಜಿ," ಎಂದ ಮೊಸೇಸಿ. "ಒದೆಯೋದೇ ಇಲ್ಲ. ಮೊಲಕ್ಕೆ, ಹಿಮಕೋಳಿಗೆ ಬೇಕಾದಷ್ಟಾಯ್ತು. ಹತ್ತಿರದಿಂದ ತಲೆಗಿಟ್ರೆ ಸೀಲಿಗೂ ಸಾಕು."

"ಆಟದ ಸಾಮಾನು ಮಾರೋಕೆ ಯಾವಾಗ ಶುರು ಮಾಡಿದ್ಯೋ?"

"ಊರೆಲ್ಲ ಇದ್ರಲ್ಲೇ ಕಲಿತಿದ್ದು. ಯಜಮಾನ್ರಿಗೆ ಇನ್ನೂ ಹನ್ನೊಂದು ವರ್ಷ ಅಲ್ವಾ."

"ನಿನಗೆ ಪಕ್ಕದಲ್ಲಿ ಕೂರಿಸ್ಕೊಂಡು ಸೀಲ್ ಸುಲಿಯೋದು ಕಲಿಸಿದ್ದು ಇವರೇ ಕಣೋ. ಮರೆತುಬಿಟ್ಯಾ?"

ಮೊಸೇಸಿ ಹುಡುಗಿಯ ಕಡೆ ನೋಡಿದ. ಹುಡುಗಿ ಭುಜ ಕುಣಿಸಿ, "ಕಲಿಸಿರ್ತೀನಿ. ನೆನಪಿಲ್ಲ," ಎಂದಳು.

ತಾಪೀಸಾ ಉದ್ದದ ಕೋವಿಯನ್ನು ಎತ್ತಿಕೊಂಡು ಹಿಡಿಯ ತುದಿಯಿಂದ ಬೆರಳಿಟ್ಟು ಎಳೆಯುವ ಕುದುರೆಯವರೆಗೆ ಗೇಣು ಹಾಕಿದಳು. ಒಂದು ಗೇಣು, ಇನ್ನೊಂದು ಗೇಣಿಗೆ ಎರಡು ಬೆರಳು ಕಡಿಮೆ. ಮೊಣಕೈ ಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಕೌತಾಕನ ಅಳತೆ ಕರಾರುವಾಕ್ಕಾಗಿ ಅಷ್ಟೇ. ತುಪ್ಪಳದ ಅಂಗಿ ಹೊಲಿಯುವ ಹೆಂಗಸರು ಈ ಊರಲ್ಲಿ ಟೇಪು ಹಿಡಿಯುವವರಲ್ಲ. ಮನೆಯವರ ಮೈಯಳತೆ ಅವರ ಕೈಯಲ್ಲೇ ಇರುತ್ತದೆ, ಆ ಮೈ ಮಣ್ಣಿಗೆ ಹೋದ ಮೇಲೂ ಇರುತ್ತದೆ.

ಹುಡುಗಿ ಕೋವಿಯನ್ನು ಹೆಗಲಿಗೆ ಇಟ್ಟಳು. ಬೆರಳು ಕುದುರೆಗೆ ಎಟುಕಬೇಕಾದರೆ ಕತ್ತು ಚಾಚಬೇಕು. ಬೋಲ್ಟ್ ಎಳೆಯಬೇಕಾದರೆ ಕೋವಿಯನ್ನೇ ಹೆಗಲಿನಿಂದ ಇಳಿಸಬೇಕು.

"ಏನೇ, ಇದು ಸ್ವಲ್ಪ ಉದ್ದ ಆಯ್ತಲ್ವಾ?"

"ನಿಮ್ಮ ಅಳತೆ ನನಗೆ ಗೊತ್ತಿಲ್ವೇನ್ರೀ? ನಲವತ್ತು ವರ್ಷ ನಿಮ್ಮ ಅಂಗಿ ಹೊಲಿದೋಳು ನಾನು."

ಹುಡುಗಿ ಅಜ್ಜಿಯ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹಲ್ಲು ಬಿಟ್ಟು, "ಹಾಗಾದ್ರೆ ಸರಿ ಬಿಡು," ಎಂದಳು.

ಮನೆಗೆ ತಂದ ತಾಪೀಸಾ ಬೋಲ್ಟನ್ನು ಕಳಚಿ, ಅದಕ್ಕೆ ಹಚ್ಚಿದ್ದ ಎಣ್ಣೆಯನ್ನೆಲ್ಲ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ತೆಗೆದಳು. ಚಳಿಯಲ್ಲಿ ಎಣ್ಣೆ ಅಂಟಾಗಿ ಬೋಲ್ಟ್ ಕಚ್ಚಿಕೊಳ್ಳುತ್ತದೆ. ಬೆಚ್ಚಗಿನ ಒಳಮನೆಯಲ್ಲಿಟ್ಟರೆ ಕಬ್ಬಿಣ ಬೆವರುತ್ತದೆಂದು ಹೊರಬಾಗಿಲ ಮೊಗಸಾಲೆಯಲ್ಲೇ ತೂಗುಹಾಕಿದಳು. ಕೌತಾಕನ ಕೋವಿ ತೂಗುತ್ತಿದ್ದ ಆ ಮೊಳೆ ಹನ್ನೊಂದು ವರ್ಷ ಖಾಲಿ ಇತ್ತು.

ಮರುದಿನ ಮಧ್ಯಾಹ್ನ ಇಬ್ಬರೂ ಊರ ಮುಂದಿನ ಹೆಪ್ಪುಗಟ್ಟಿದ ಕಡಲಿಗೆ ಇಳಿದರು. ತಾಪೀಸಾ ಬಿಸ್ಕತ್ತಿನ ಖಾಲಿ ಡಬ್ಬಿಯನ್ನು ಹಿಮದ ದಿಬ್ಬಕ್ಕೆ ಒರಗಿಸಿ ಬಂದು, ಸಾರಂಗದ ಚರ್ಮ ಹಾಸಿದಳು. ಹುಡುಗಿ ಅದರ ಮೇಲೆ ಬೋರಲು ಮಲಗಿದಳು. ಮೊದಲ ಗುಂಡು ದಿಬ್ಬದ ಆಚೆ ಹೋಯಿತು. ಎರಡನೆಯದು ಹಿಮ ಎರಚಿತು. ಮೂರನೆಯದಕ್ಕೆ ಡಬ್ಬಿ ಎಗರಿ ಬಿತ್ತು.

"ಬಂದ್ರು! ನಮ್ಮನೆಯವರು ಬಂದ್ರು!" ಎಂದು ತಾಪೀಸಾ ಕೂಗಿದ ರಭಸಕ್ಕೆ ಕಟ್ಟಿಹಾಕಿದ್ದ ನಾಯಿಗಳೆಲ್ಲ ಬೊಗಳತೊಡಗಿದವು. ಎಪ್ಪತ್ತರ ಮುದುಕಿ ಹಿಮದ ಮೇಲೆ ಕುಣಿಯುವುದೊಂದು ಬಾಕಿ. ಹುಡುಗಿಯೂ ನಕ್ಕಳು.

"ಇನ್ನೊಂದು ಹೊಡೀರಿ."

ಹುಡುಗಿ ಹೊಡೆದಳು. ಇನ್ನೊಂದು, ಮತ್ತೊಂದು. ಪ್ರತಿ ಸಲ ಬೋಲ್ಟ್ ಎಳೆಯುವಾಗಲೂ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡಳು. ತಾಪೀಸಾ ಡಬ್ಬಿಯನ್ನೇ ನೋಡುತ್ತಿದ್ದಳು. ಹತ್ತು ಗುಂಡು ಮುಗಿದವು.

ಮನೆಗೆ ಬಂದು ಅಂಗಿ ಕಳಚುವಾಗ ಹುಡುಗಿಯ ಬಲಗೈ ಮೇಲೇಳಲಿಲ್ಲ. ತಾಪೀಸಾ ತೋಳು ಹಿಡಿದು ಎಳೆದಳು. ಒಳಗಿನ ಬನಿಯನ್ ಜಾರಿ ಹೆಗಲು ಕಾಣಿಸಿತು. ಕತ್ತಿನ ಬುಡದಿಂದ ತೋಳಿನವರೆಗೆ ನೇರಳೆ ಬಣ್ಣಕ್ಕೆ ತಿರುಗಿತ್ತು.

"ಏನ್ರೀ ಇದು?"

"ಬಿದ್ದೆ ಕಣೇ," ಎಂದಳು ಹುಡುಗಿ, ಮೇಜಿನ ಮೇಲಿನ ಚಹಾದ ಲೋಟದತ್ತ ನೋಡುತ್ತ. "ಜಾರಿ."

ಆ ಮಾತನ್ನು ತಾಪೀಸಾ ಮೊದಲೂ ಕೇಳಿದ್ದಳು.

ಮೊದಲ ಮಗ ಹುಟ್ಟಿದ ವರ್ಷ ಅವಳು ಚಳಿಗಾಲವಿಡೀ ಹೊಲಿದು, ಊರಲ್ಲಿ ಯಾರ ಹತ್ತಿರವೂ ಇಲ್ಲದಂಥ ದೊಡ್ಡ ಕೋವಿಯನ್ನು ಗಂಡನಿಗೆ ಕೊಡಿಸಿದ್ದಳು. ಅದನ್ನು ಹೆಗಲಿಗೇರಿಸಿ ಅವನು ನಡೆಯುತ್ತಿದ್ದರೆ ಅವಳ ಎದೆ ಉಬ್ಬುತ್ತಿತ್ತು. ಪ್ರತಿ ವಸಂತದಲ್ಲೂ ಅವನ ಬಲಹೆಗಲು ಹೀಗೇ ನೇರಳೆಯಾಗುತ್ತಿತ್ತು. ಕೇಳಿದರೆ ಇದೇ ಉತ್ತರ: ‘ಬಿದ್ದೆ ಕಣೇ, ಜಾರಿ.’ ನಡೆಯಲು ಕಲಿತದ್ದೇ ಮಂಜಿನ ಮೇಲೆ, ಅಂಥವನು ವರ್ಷವರ್ಷವೂ ಜಾರಿ ಬೀಳುತ್ತಾನಂತೆ! ಅವಳು ಅದನ್ನು ನಂಬಿದ್ದಳು. ಕಣ್ಣು ನೆಟ್ಟಗಿಟ್ಟು ನಡೀರಿ ಎಂದು ಬೈದಿದ್ದಳು. ಜಾರದಂಥ ಅಟ್ಟೆ ಬರಲೆಂದು ಹಲ್ಲಿನಿಂದ ಚರ್ಮ ಕಚ್ಚಿ ನೆರಿಗೆ ಮಾಡಿ ಹೊಸ ಬೂಟು ಹೊಲಿದುಕೊಟ್ಟಿದ್ದಳು. ಅವನು ಆ ಬೂಟನ್ನು ಹಾಡಿ ಹೊಗಳಿ, ಮುಂದಿನ ವಸಂತಕ್ಕೆ ಮತ್ತೆ ಬಿದ್ದಿದ್ದ. ಎಂಥ ಪೆದ್ದಿ ನಾನು, ಎಂದುಕೊಂಡಳು ತಾಪೀಸಾ.

"ಭಾರ ಅಂತ ಯಾಕ್ರೀ ಹೇಳ್ಲಿಲ್ಲ?"

ಹುಡುಗಿ ಲೋಟ ತಿರುಗಿಸಿದಳು. "ನೀನು ಅಷ್ಟು ಖುಷಿಯಾಗಿದ್ಯಲ್ಲೇ." ಆಮೇಲೆ ದನಿ ಸಣ್ಣದಾಯಿತು. "ಆಗಲ್ಲ ಅಂದ್ರೆ... ನಾನು ಅವರಲ್ಲ ಅಂದ್ಕೋತೀಯೇನೋ ಅಂತ."

ತಾಪೀಸಾಳಿಗೆ ಅಳು ಉಕ್ಕಿ ಬಂತು. ತಡೆಯಲು ಹೋಗಲಿಲ್ಲ. ಸೀಲಿನ ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಆ ಪುಟ್ಟ ಹೆಗಲಿಗೆ ತಿಕ್ಕುತ್ತ, "ನೀವು ಯಾವತ್ತೋ ಬಂದಿದ್ದೀರಿ ಕಣ್ರೀ," ಎಂದಳು. "ನಾನು ಹುಡುಕಿದ್ದೇ ಬೇರೆ ಕಡೆ."

"ಮೆಲ್ಲಗೆ ತಿಕ್ಕೇ, ಉರಿಯತ್ತೆ!"

"ಹೂಂ, ಹೀಗೆ ಬಾಯಿಬಿಟ್ಟು ಹೇಳಿ. ಆಗಲೂ ಹೇಳಬೇಕಿತ್ತು ನೀವು."

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಅಜ್ಜಿ ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದರು. ಹಾರಿಸಿದ ಕೋವಿಯನ್ನು ವಾಪಸು ತೆಗೆದುಕೊಳ್ಳುವ ಪದ್ಧತಿ ಇಲ್ಲ ಎಂದು ಹೇಳಲು ಮೊಸೇಸಿ ಬಾಯಿ ತೆರೆದವನು, ಮುದುಕಿಯ ಊದಿದ ಕಣ್ಣು ನೋಡಿ ಸುಮ್ಮನೆ ತೆಗೆದುಕೊಂಡ. ತನ್ನಲ್ಲಿದ್ದ ಸಣ್ಣ ಕೋವಿಗಳನ್ನೆಲ್ಲ, ಒಟ್ಟು ನಾಲ್ಕು, ತಂದು ಸಾಲಾಗಿ ಇಟ್ಟ.

ತಾಪೀಸಾಳ ಕೈ ತಾನಾಗಿಯೇ ಗೇಣು ಬಿಡಿಸಿಕೊಂಡು ಮುಂದೆ ಹೋಯಿತು. ಅವಳು ಅದನ್ನು ಹಿಂದಕ್ಕೆಳೆದು, ಎರಡೂ ಕೈಗಳನ್ನು ಅಂಗಿಯ ತೋಳಿನೊಳಗೆ ಹುದುಗಿಸಿಕೊಂಡಳು. ಆಗಿನ ನಲವತ್ತು, ಈಗಿನ ಹನ್ನೊಂದು, ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ ಮಾತು ಅವಳ ಬಾಯಿಂದ ತಡವರಿಸುತ್ತ ಹೊರಬಂತು.

"ನಿಮಗೆ ಯಾವುದು ಬೇಕು ರೀ?"

ಹುಡುಗಿ ಕೋವಿಗಳ ಕಡೆ ನೋಡಲಿಲ್ಲ. ಸರಿಯಾದ ಉತ್ತರ ಅಲ್ಲೇ ಬರೆದಿರುತ್ತದೆ ಎಂಬಂತೆ ಅಜ್ಜಿಯ ಮುಖವನ್ನೇ ನೋಡಿದಳು.

"ನನ್ನ ಮುಖ ನೋಡ್ಬೇಡಿ," ಎಂದು ತಾಪೀಸಾ ಬೆನ್ನು ತಿರುಗಿಸಿ, ಗೋಡೆಯ ಹಾಲಿನ ಡಬ್ಬಿಗಳಿಗೆ ಮುಖ ಮಾಡಿ ನಿಂತಳು. ಬೆನ್ನ ಹಿಂದೆ ಒಂದು ಕೋವಿಯನ್ನು ಎತ್ತಿ ಇಟ್ಟ ಸದ್ದಾಯಿತು. ಇನ್ನೊಂದನ್ನು ಎತ್ತಿದ ಸದ್ದು. ಆಮೇಲೆ ಬೋಲ್ಟ್ ಹಿಂದಕ್ಕೆ ಹೋಗಿ ಮುಂದಕ್ಕೆ ಬಂದು ಕೂತಿತು, ಎಲ್ಲೂ ತಡೆಯದೆ, ಒಂದೇ ಎಳೆತಕ್ಕೆ. ತಾಪೀಸಾ ಆಗಲೂ ತಿರುಗಲಿಲ್ಲ. "ಏನೇ, ನನಗೆ ಇದು ಬೇಕು," ಎಂದು ಹುಡುಗಿ ಹೇಳಿದ ಮೇಲೆ ತಿರುಗಿದಳು.