ಬಾಣಂತಿ ಕೋಣೆಯ ಮೀನುಗಳು

ಮತ್ತೊಂದು ಮೀನು ಸತ್ತಿತ್ತು. ಪೀರಾಂಬಿಗೆ ಅದರಿಂದ ಎಷ್ಟು ಸಮಾಧಾನವಾಯಿತೆಂದರೆ, ಕೈಯಲ್ಲಿದ್ದ ಲೋಬಾನದ ಪಾತ್ರೆಯನ್ನು ನೆಲಕ್ಕಿಟ್ಟು ಎರಡೂ ಕೈಯೆತ್ತಿ ದೇವರಿಗೆ ಶುಕ್ರಿಯಾ ಹೇಳಿದಳು. ಆಮೇಲೆ ಚಹಾ ಸೋಸುವ ಹಳೆಯ ಜಾಳಿಗೆಯಿಂದ ಗಾಜಿನ ಟಾಕಿಯಲ್ಲಿ ತೇಲುತ್ತಿದ್ದ ಆ ಕೇಸರಿ ಬಣ್ಣದ ಮೀನನ್ನು ಎತ್ತಿ, ಹೊರಸಿನ ಮೇಲೆ ಗೋಡೆಗೊರಗಿ ಕೂತಿದ್ದ ಮಗಳ ಮುಖಕ್ಕೆ ಹಿಡಿದಳು.

"ನೋಡಬೇ ರುಕ್ಸಾರ. ನಿಮ್ಮ ಮ್ಯಾಲ ಬರೂ ಬಲಾ ಇದರ ಮ್ಯಾಲ ಹೋತು."

ರುಕ್ಸಾರ "ಹೂಂ" ಎಂದಳು. ಅದಕ್ಕಿಂತ ಉದ್ದದ ಮಾತು ಆಡಲು ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಎದೆಯೊಳಗೆ ಯಾರೋ ಸಣ್ಣಗೆ ಸೀಟಿ ಊದುತ್ತಿದ್ದರು. ಅದು ತನಗೊಬ್ಬಳಿಗೇ ಕೇಳುತ್ತದೋ, ಅಮ್ಮನಿಗೂ ಕೇಳುತ್ತದೋ ಎಂದು ಅವಳು ತಾಯಿಯ ಮುಖ ನೋಡಿದಳು. ಪೀರಾಂಬಿ ಮೀನನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು, ಬಾಗಿಲನ್ನು ಭದ್ರವಾಗಿ ಎಳೆದುಕೊಂಡು ಹೊರಗೆ ಹೋದಳು.

ಬಬಲೇಶ್ವರದ ಗಂಡನ ಮನೆಯಿಂದ ರುಕ್ಸಾರ ಹೆರಿಗೆಗೆಂದು ವಿಜಯಪುರದ ತವರಿಗೆ ಬಂದಿದ್ದಳು. ಹೆಣ್ಣು ಕೂಸು. ಕೂಸು ಚೆನ್ನಾಗಿತ್ತು, ಹಾಲೂ ಚೆನ್ನಾಗಿತ್ತು, ಅಂಟಿನ ಉಂಡಿಯ ಡಬ್ಬಿ ಖಾಲಿಯಾಗುವ ಮೊದಲೇ ತುಂಬುತ್ತಿತ್ತು. ಪೀರಾಂಬಿ ಬಾಣಂತನ ಮಾಡುತ್ತಾಳೆಂದರೆ ಓಣಿಯ ಹೆಂಗಸರು ಬಂದು ನೋಡಿಕೊಂಡು ಹೋಗಬೇಕು, ಅಷ್ಟು ಕಟ್ಟುನಿಟ್ಟು. ಹೊರಸಿನ ಕೆಳಗೆ ಸದಾ ಕೆಂಡ, ಕೆಂಡದ ಮೇಲೆ ಅಜವಾನ, ಹೊತ್ತು ಹೊತ್ತಿಗೆ ಲೋಬಾನದ ಹೊಗೆ. ಮಗಳ ಕಿವಿಯಲ್ಲಿ ಹತ್ತಿ, ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ. ಇದ್ದೊಂದು ಕಿಟಕಿಯ ಸಂದುಗಳಿಗೆಲ್ಲ ಹಳೆಯ ಸೀರೆಯ ಚಿಂದಿ ತುರುಕಿದ್ದಳು, ಮೇಲಿನ ಬೆಳಕಿಂಡಿಗೆ ಒಂದು ಇಡೀ ಕೌದಿ. ನಲವತ್ತು ದಿನದ ಚಿಲ್ಲಾ ಮುಗಿಯುವವರೆಗೆ ಆ ಕೋಣೆಯೊಳಗೆ ಗಾಳಿ ಸುಳಿಯಕೂಡದು.

ಅದನ್ನು ನೋಡಿ ನಗುವುದು ಸುಲಭ. ಆದರೆ ಘೋಣಸಗಿಯ ತವರಿನಲ್ಲಿ ಪೀರಾಂಬಿಯ ಅಕ್ಕ ಅಬೇದಾ ಹಸಿ ಬಾಣಂತಿಯಾಗಿದ್ದಾಗ, ಒಂದು ಮಧ್ಯಾಹ್ನ ಸೆಕೆ ತಾಳಲಾರದೆ ಬಾಗಿಲು ತೆರೆದು ಹೊಸ್ತಿಲ ಬಳಿ ಮಲಗಿದ್ದಳು. ವಾರ ತುಂಬುವುದರೊಳಗೆ ದವಡೆ ಕಚ್ಚಿಕೊಂಡು, ಮೈ ಸೆಟೆದುಕೊಂಡು ಸತ್ತಳು. ಅದಕ್ಕೆ ಡಾಕ್ಟರ ಪುಸ್ತಕದಲ್ಲಿ ಬೇರೆ ಹೆಸರಿರಬಹುದು. ಆಗ ಆ ಅಕ್ಕನ ಕೂಸನ್ನು ಎತ್ತಿಕೊಂಡು ಮೂಲೆಯಲ್ಲಿ ನಿಂತಿದ್ದ ಪುಟ್ಟ ಹುಡುಗಿ ಪೀರಾಂಬಿಗೆ ಅದರ ಹೆಸರು ಗಾಳಿ ಎಂದೇ ಗೊತ್ತು.

ಇನ್ನು ಮೀನಿನ ಟಾಕಿ. ಅದು ರುಕ್ಸಾರಳ ತಮ್ಮ ಆಫ್ತಾಬನದು. ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡ ಹುಡುಗ, ಮದುವೆಯಾಗಿಲ್ಲ, ಬೇರೆ ಚಟವಿಲ್ಲ, ಮೀನಿನ ಹುಚ್ಚೊಂದೇ. ಆಳುದ್ದದ ಗಾಜಿನ ಟಾಕಿ ಪಡಸಾಲೆಯಲ್ಲಿ ಬೆಳಗುತ್ತಿತ್ತು. ಮನೆಯ ಮೇಲೆ ಬರುವ ಬಲಾವನ್ನು, ಕೇಡನ್ನು, ಮೀನು ತನ್ನ ಮೈಮೇಲೆ ಎಳೆದುಕೊಂಡು ಸಾಯುತ್ತದೆ ಎಂಬುದು ಪೀರಾಂಬಿಯ ನಂಬಿಕೆ. ಹಾಗಾಗಿ ಮಗಳು ಆಸ್ಪತ್ರೆಯಿಂದ ಬರುವ ಮೊದಲೇ ಟಾಕಿಯನ್ನು ಪಡಸಾಲೆಯಿಂದ ಹೊರಿಸಿ ಬಾಣಂತಿ ಕೋಣೆಯಲ್ಲಿ, ಗೋಡೆಗೆ ಒತ್ತಿ ಇಡಿಸಿದಳು. ಅಷ್ಟಕ್ಕೇ ಬಿಡಲಿಲ್ಲ. ಅದರ ಮುಚ್ಚಳವನ್ನೂ ತೆಗೆಸಿದಳು.

"ಅಮ್ಮಾ, ಮುಚ್ಚಳ ತಗದರ ನೀರ ಆರತೈತಿ" ಎಂದು ಆಫ್ತಾಬ ಹೇಳಿ ನೋಡಿದ್ದ.

"ಆರಲಿ. ಬಾಗಿಲಾ ಮುಚ್ಚಿದ ಮನಿಯೊಳಗ ಬಲಾ ಹೆಂಗ ಹೋಗಬೇಕಪಾ?"

ಮುಚ್ಚಳವಿಲ್ಲದ ಟಾಕಿಯ ನೀರು ಕೆಂಡದ ಕಾವಿಗೆ ದಿನಾ ಇಳಿಯುತ್ತಿತ್ತು, ಪೀರಾಂಬಿ ದಿನಾ ಕೊಡದಿಂದ ತುಂಬುತ್ತಿದ್ದಳು. ಆರಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ನೀರು ಸಾಲುವುದಿಲ್ಲ ಎಂದು ಗೋಳಾಡಿ ಗೊತ್ತಿದ್ದ ಊರು ಅದು, ಹೆಚ್ಚಾಯಿತೆಂದು ಯೋಚಿಸಿ ಅಭ್ಯಾಸವಿಲ್ಲ. ಗೋಡೆ ಮುಟ್ಟಿದರೆ ತಣ್ಣಗಿದ್ದದ್ದಕ್ಕೆ ಪೀರಾಂಬಿ ಖುಷಿಪಟ್ಟಿದ್ದಳು.

ರುಕ್ಸಾರಳಿಗೆ ಸಣ್ಣವಳಿದ್ದಾಗಿನಿಂದ ದಮ್ಮು. ಸುಗ್ಗಿಯ ಧೂಳು, ಸುಣ್ಣದ ವಾಸನೆ, ಹಳೆಯ ಹಾಸಿಗೆ, ಏನಾದರೂ ಸಾಕು. ದೊಡ್ಡವಳಾದ ಮೇಲೆ ಪಂಪೊಂದು ಸಿಕ್ಕಿತ್ತು. ಬಾಯಿಗಿಟ್ಟು ಒತ್ತಿದರೆ ಎದೆ ತೆರೆಯುವ ಆ ಔಷಧದ ಪಂಪು ಸದಾ ದಿಂಬಿನ ಕೆಳಗಿರುತ್ತಿತ್ತು. ಬಾಣಂತಿ ಕೋಣೆಗೆ ಬಂದ ಮೇಲೆ ಅದು ಕಾಣೆಯಾಯಿತು. ಕೇಳಿದರೆ ಪೀರಾಂಬಿ ಮುಚ್ಚುಮರೆ ಮಾಡಲಿಲ್ಲ.

"ನಾನs ತಗದಿಟ್ಟೀನಿ. ಅದರ ಔಷಧಾ ಹಾಲಿಗೆ ಇಳಿದು ಹಾಲ ಬತ್ತತೈತಿ. ಕೂಸಿಗೆ ಏನ ಕುಡಸ್ತಿ, ನೀರ?"

"ಡಾಕ್ಟರ ತಗೋ ಅಂದಾರ ಅಮ್ಮಾ. ಏನೂ ಆಗೂದಿಲ್ಲಂತ."

"ಡಾಕ್ಟರ ಬಂದು ಬಾಣಂತನಾ ಮಾಡ್ತಾರೇನ?"

ಗಂಡ ಕುತುಬುದ್ದೀನನಿಗೆ ಫೋನು ಮಾಡಿ ಹೇಳಿಕೊಂಡಳು. ಅವನು ಒಳ್ಳೆಯವನೇ. ಆದರೆ ದೂರದಿಂದ ಕೇಳಿದರೆ ಎಲ್ಲ ಕಷ್ಟವೂ ಸಣ್ಣದಾಗಿಯೇ ಕೇಳುತ್ತದೆ. "ಅಮ್ಮಾ ಹೇಳಿದಂಗ ಕೇಳ ಮಾರಾಯ್ತಿ. ಅವರು ನಾಕ ಹಡದು ಸಾಕ್ಯಾರ. ನನಗ ಯಾರರ ನಲವತ್ತ ದಿನಾ ಮಲಕೊಂಡು ತಿನ್ನು ಅಂದಿದ್ದರ ನಾ ಹಾಡಕೋತ ತಿಂತಿದ್ದೆ" ಎಂದು ನಕ್ಕ. ರುಕ್ಸಾರಳಿಗೆ ಫೋನನ್ನು ಗೋಡೆಗೆ ಬೀಸಿ ಒಗೆಯಬೇಕೆನಿಸಿತು. ಗಂಡ, ತಾಯಿ, ತಮ್ಮ, ಎಲ್ಲರಿಗೂ ತನ್ನ ಮೇಲೆ ಜೀವ. ಜೀವ ಇಟ್ಟವರ ಹತ್ತಿರ ಉಸಿರು ಬಿಡಿಸಿಕೊಳ್ಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಕೂಸಿನ ಲಂಗೋಟಿಯೊಂದು ಟಾಕಿಯ ಹಿಂದೆ ಜಾರಿ ಬಿದ್ದದ್ದು ಮರುದಿನ ಮಧ್ಯಾಹ್ನ. ತೆಗೆಯಲು ಹೊರಸಿನಿಂದಲೇ ಬಾಗಿ ಸಂದಿನಲ್ಲಿ ಕೈ ಹಾಕಿದ ರುಕ್ಸಾರಳ ಬೆರಳಿಗೆ ಮೆತ್ತಗೆ, ತಣ್ಣಗೆ ಏನೋ ತಗುಲಿತು. ಕೈ ಹೊರಗೆಳೆದರೆ ಬೆರಳೆಲ್ಲ ಕರ್ರಗಾಗಿದ್ದವು. ನೆನೆದ ಹಳೆಯ ಚಪ್ಪಲಿಯ ವಾಸನೆ. ಊಟಕ್ಕೆ ಬಂದಿದ್ದ ಆಫ್ತಾಬನನ್ನು ಕೂಗಿದಳು. ಅವನು ಮೊಬೈಲಿನ ಟಾರ್ಚು ಹಚ್ಚಿ ಟಾಕಿಯ ಹಿಂದೆ ಬೆಳಕು ಬಿಟ್ಟ.

ನೆಲದಿಂದ ಹಿಡಿದು ಬೆಳಕಿಂಡಿಯವರೆಗೆ ಗೋಡೆಗೆ ಬೂಷ್ಟು ಹಬ್ಬಿತ್ತು. ಕೆಳಗೆ ಕಪ್ಪು, ಮೇಲೆ ಹಸಿರು, ಅಲ್ಲಲ್ಲಿ ಬಿಳಿ ನವಿರು. ಬೆಳಕಿಂಡಿಯ ಕೌದಿಯೂ ಮಚ್ಚೆ ಮಚ್ಚೆಯಾಗಿತ್ತು. ಹೊರಸಿನ ಮೇಲಿನ ಹಾಸಿಗೆಯ ಗೋಡೆ ಕಡೆಯ ಅಂಚನ್ನು ಎತ್ತಿ ನೋಡಿದರೆ ಅಲ್ಲಿಯೂ ಅದೇ. ಆ ಅಂಚಿನಿಂದ ಒಂದು ಮೊಳದ ದೂರದಲ್ಲಿ ಕೂಸು ಮಲಗಿತ್ತು.

"ಆಪಾ, ಇಷ್ಟ ದಿನಾ ಈ ಬೂಷ್ಟs ನಿನ್ನ ಎದಿಯೊಳಗ ಹೊಂಟಿತ್ತು" ಎಂದ ಆಫ್ತಾಬ. "ಮೀನಾನೂ ಸುಮ್ಮ ಸಾಯಾಕತ್ತಿಲ್ಲ. ಟಾಕಿಗೆ ಗಾಳಿ ಊದೂ ಮೋಟರ ಲೋಬಾನದ ಹೊಗಿ ಎಳಕೊಂಡು ನೀರಿಗೆ ಬಿಡಾಕತ್ತೈತಿ."

ಸದ್ದು ಕೇಳಿ ಬಂದ ಪೀರಾಂಬಿ ಗೋಡೆಯನ್ನು ನೋಡಿದಳು. ಒಂದು ಕ್ಷಣ ಅವಳ ಮುಖವೂ ಬಿಳಿಚಿತು. ಆದರೆ ಮನೆ ನಡೆಸುವ ಹೆಂಗಸು, ಬೇಗ ಸುಧಾರಿಸಿಕೊಂಡಳು. "ಗ್ವಾಡಿಗೆ ಬೂಷ್ಟ ಹಿಡಿದರ ಸುಣ್ಣಾ ಬಳದರಾತು. ಚಿಲ್ಲಾ ಮುಗೀಲಿ, ನಾನs ಬಳೀತೀನಿ" ಎಂದಳು.

"ಅಲ್ಲಿ ತನಕಾ ಆಪಾ ಸಾಯ್ತಾಳ ಅಮ್ಮಾ. ಕಿಡಕಿ ತಗೀರಿ. ನಾ ಟಾಕಿ ಹೊರಗ ಒಯ್ತೀನಿ." ಆಫ್ತಾಬ ತೋಳು ಮಡಚಿ ಟಾಕಿಯ ಕಡೆ ಬಂದ.

ಪೀರಾಂಬಿ ಅಡ್ಡ ನಿಂತಳು. "ಒಯ್ಯಿ. ಒಯ್ಯಿ ಮತ್ತ, ನಾ ಬ್ಯಾಡ ಅನ್ನೂದಿಲ್ಲ. ಮೀನ ಒಂದರ ಹಿಂದ ಒಂದು ಹೊಂಟಾವ, ಅಂದರ ಬಲಾ ಎಷ್ಟ ದೊಡ್ಡದೈತಿ ನೋಡು. ನಾಳೆ ಅದಕ್ಕ ಮೀನ ಸಿಗಲಿಲ್ಲಂದರ ಯಾರನ್ನ ಹುಡಕತೈತಿ? ಈ ಕೂಸಿನ್ನ ಹುಡುಕಿದರ ನೀ ಜವಾಬು ಕೊಡ್ತಿ?"

ಆಫ್ತಾಬನ ಕೈ ಇಳಿಯಿತು. ಅವನು ಅಕ್ಕನ ಮುಖ ನೋಡಿದ. ಒಯ್ಯಿ ಎಂದು ಅವಳೊಂದು ಮಾತು ಹೇಳಿದ್ದರೆ ಒಯ್ಯುತ್ತಿದ್ದ. ರುಕ್ಸಾರ ಬಿ.ಎ. ಓದಿದವಳು, ಇದೆಲ್ಲ ಸುಳ್ಳೆಂದು ಗೊತ್ತಿದ್ದವಳು. ಆದರೂ ಪಕ್ಕದಲ್ಲಿ ಮುಷ್ಟಿ ಬಿಗಿದುಕೊಂಡು ಮಲಗಿದ್ದ ಕೂಸನ್ನು ನೋಡಿದಾಗ, ಸುಳ್ಳಾಗಿರದಿದ್ದರೆ ಎಂಬ ಒಂದೇ ಒಂದು ಯೋಚನೆ ಅವಳ ಬಾಯಿ ಕಟ್ಟಿತು. ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ಹೊರಗಿನ ಬಾಗಿಲು ಅಮ್ಮ ಹಾಕಿದ್ದಳು, ಒಳಗಿನದನ್ನು ತಾನೇ ಹಾಕಿಕೊಂಡಿದ್ದಳು.

ಸಂಜೆ ಆಫ್ತಾಬ ತಾಯಿ ಹೇಳಿದಂತೆ ಪ್ಲಾಸ್ಟಿಕ್ ಚೀಲದಲ್ಲಿ ಹೊಸ ಮೀನು ತಂದ. ಚೀಲವನ್ನು ಟಾಕಿಯೊಳಗೆ ಬಗ್ಗಿಸುವಾಗ ಅಕ್ಕನ ಕಡೆ ತಿರುಗಿ ನೋಡಲಿಲ್ಲ. ಪೀರಾಂಬಿ ಬೂಷ್ಟಿನ ಗೋಡೆಗೆ ಒಂದು ಬೆಡ್‌ಶೀಟು ಇಳಿಬಿಟ್ಟು, ಮೊಳೆ ಹೊಡೆದು, ಕಣ್ಣಿಗೆ ಕಾಣದಂತೆ ಮಾಡಿದಳು. ಕೋಣೆ ಈಗ ಮೊದಲಿಗಿಂತ ಸಣ್ಣದಾಯಿತು.

ಮರುದಿನ ಮಧ್ಯಾಹ್ನ ಹೊರಗೆ ಜಿಟಿಜಿಟಿ ಮಳೆ ಬಿದ್ದು ನಿಂತಿತ್ತು. ಆಷಾಢದ ಗಾಳಿ ಕಿಟಕಿಯನ್ನು ಹೊರಗಿನಿಂದ ತಟ್ಟುತ್ತಿತ್ತು. ರುಕ್ಸಾರ ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು. ಬಲಾ ದೊಡ್ಡದೆಂದು ಪೀರಾಂಬಿ ಲೋಬಾನವನ್ನೂ ಮುಷ್ಟಿ ತುಂಬ ಹಾಕಿದಳು. ಹೊಗೆ ಹೊರಸಿನ ಸುತ್ತ ಏರಿತು, ಛಾವಣಿ ಮುಟ್ಟಿತು, ಹೋಗಲು ದಾರಿಯಿಲ್ಲದೆ ಕೆಳಗಿಳಿಯಿತು. ರುಕ್ಸಾರಳ ಕೊರಳ ನರಗಳು ಉಬ್ಬಿದವು.

"ಅಮ್ಮಾ... ಪಂಪ ಕೊಡ."

"ಇನ್ನೊಂದೀಟ ತಡಿ, ನನ್ನವ್ವ. ಹೊಗಿ ಒಳಗ ಹೋದರ ಎದಿ ಸಡ್ಲ ಆಗತೈತಿ." ಪೀರಾಂಬಿ ಮಗಳ ಬೆನ್ನು ನೀವಿದಳು.

ಆಗ ಕೂಸು ಮೊಲೆ ಬಿಟ್ಟಿತು. ಮತ್ತೆ ಹಿಡಿಯಿತು, ಮತ್ತೆ ಬಿಟ್ಟಿತು. ಹಾಲು ಗಲ್ಲದ ಮೇಲೆ ಹರಿಯಿತು. ರುಕ್ಸಾರ ಅದರ ಎದೆಗೆ ಕಿವಿಯಿಟ್ಟಳು. ಸೀಟಿಯ ಸದ್ದಿತ್ತು. ಅದು ತನ್ನ ಎದೆಯದೋ ಕೂಸಿನದೋ ತಿಳಿಯಲಿಲ್ಲ. ಕಿವಿಯ ಹತ್ತಿ ಕಿತ್ತೊಗೆದು, ಉಳಿದಿದ್ದ ಉಸಿರನ್ನೂ ಬಿಗಿಹಿಡಿದು ಮತ್ತೆ ಕಿವಿಯಿಟ್ಟಳು. ಅವಳ ಎದೆ ಸುಮ್ಮನಾಯಿತು. ಸೀಟಿ ನಿಲ್ಲಲಿಲ್ಲ.

ರುಕ್ಸಾರ ಎದ್ದಳು. ಕೂಸನ್ನು ಎದೆಗವಚಿಕೊಂಡು, ತಾಯಿಯನ್ನು ಭುಜದಿಂದ ಸರಿಸಿ ಬಾಗಿಲು ತೆರೆದಳು. ಪಡಸಾಲೆ ದಾಟಿದಳು. ಹಿತ್ತಲಿನ ಕಲ್ಲು ಮೆಟ್ಟಿಲನ್ನು ಒಂದೊಂದಾಗಿ, ಗೋಡೆ ಹಿಡಿದುಕೊಂಡು ಏರತೊಡಗಿದಳು.

"ರುಕ್ಸಾರ! ಗಾಳಿ ಐತಿ, ಗಾಳಿ! ಹಸೀ ಮೈ ಐತೆಬೇ! ಯಪ್ಪಾ, ಯಾರರ ಹಿಡೀರಿ ಇಕಿನ್ನ..." ಪೀರಾಂಬಿಯ ಕೂಗು ಓಣಿಗೆಲ್ಲ ಕೇಳಿತು. ಹಿಡಿಯುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಮಾಳಿಗೆಯ ಮೇಲೆ ತಿಕೋಟಾ ಕಡೆಯಿಂದ ಗಾಳಿ ನೇರವಾಗಿ ಬೀಸುತ್ತಿತ್ತು. ರುಕ್ಸಾರ ನಾಲ್ಕು ಹೆಜ್ಜೆ ಇಟ್ಟಳು. ನಡುಮಾಳಿಗೆಯಲ್ಲಿ, ಒದ್ದೆ ನೆಲದ ಮೇಲೆಯೇ ಕೂತು ಬಾಯಿ ತೆರೆದಳು. ಗಾಳಿ ಒಳಗೆ ಬಂತು, ಸ್ವಲ್ಪ ಸ್ವಲ್ಪವೇ ಬಂತು. ಕೂಸು ಎರಡು ಸಲ ಸೀನಿ, ಕಣ್ಣು ಕಿರಿದು ಮಾಡಿ, ಹುಟ್ಟಿದ ಮೇಲೆ ಮೊದಲ ಸಲ ಇಷ್ಟು ದೊಡ್ಡ ಬೆಳಕನ್ನು ನೋಡಿತು. ಅವಳಿಗೆ ಭಯವೂ ಆಗುತ್ತಿತ್ತು. ದೊಡ್ಡಮ್ಮ ಅಬೇದಾಳ ಕತೆ ಅವಳಿಗೂ ಗೊತ್ತಿದ್ದದ್ದೇ. ಹೋಗಲಿ, ಬಂದದ್ದು ಬರಲಿ, ಈ ಒಂದು ಉಸಿರು ಮೊದಲು ಒಳಗೆ ಬರಲಿ ಎಂದು ಕೂತಳು.

ಮೊಣಕಾಲು ನೋವಿನ ಪೀರಾಂಬಿ ಮೆಟ್ಟಿಲೇರಿ ಬರಲು ಹೊತ್ತು ಹಿಡಿಯಿತು. ಬಂದವಳು ಸೊಂಟದ ಗಂಟು ಬಿಚ್ಚಿ ಪಂಪನ್ನು ಮಗಳ ಮಡಿಲಿಗೆ ಎಸೆದಳು. ಇಷ್ಟು ದಿನ ಅದನ್ನು ತನ್ನ ಮೈಮೇಲೆಯೇ ಇಟ್ಟುಕೊಂಡಿದ್ದಳು.

"ತಗೋ. ಅಬೇದಾ ಆಪಾನೂ ಹಿಂಗs ಯಾರ ಮಾತೂ ಕೇಳಲಿಲ್ಲ."

ರುಕ್ಸಾರ ಪಂಪನ್ನು ಬಾಯಿಗಿಟ್ಟು ಒತ್ತಿದಳು, ತಡೆದು ಮತ್ತೊಮ್ಮೆ ಒತ್ತಿದಳು. ಎದೆ ನಿಧಾನವಾಗಿ ಬಿಚ್ಚಿಕೊಂಡಿತು. ಮಾತಾಡುವಷ್ಟು ಉಸಿರು ಕೂಡಿದ ಮೇಲೆ ಹೇಳಿದಳು:

"ಕೂಸಿನ್ನ ಈಗಿಂದೀಗ ದವಾಖಾನಿಗೆ ತೋರಸಬೇಕು. ಆಫ್ತಾಬಗ ಫೋನ ಹಚ್ಚು. ಆ ಟಾಕಿ, ಆ ಹಾಸಗಿ ಹೊರಗ ಹೋಗೂತನಕಾ ನಾ ಆ ಖೋಲಿಗೆ ಕಾಲ ಇಡಂಗಿಲ್ಲ."

"ಮತ್ತ ಬಲಾ?" ಪೀರಾಂಬಿಯ ದನಿ ಸಣ್ಣದಾಗಿತ್ತು.

"ಬರೂದಿದ್ದರ ನನ್ನ ಮ್ಯಾಲ..."

ಪೀರಾಂಬಿ ಥಟ್ಟನೆ ಬಾಗಿ ಮಗಳ ಬಾಯಿಯ ಮೇಲೆ ಅಂಗೈ ಒತ್ತಿದಳು. ಮಾತು ಅಲ್ಲಿಗೇ ನಿಂತಿತು. ಆ ಕೈಗೆ ಲೋಬಾನದ ವಾಸನೆಯಿತ್ತು. ಸ್ವಲ್ಪ ಹೊತ್ತಿಗೆ ಕೈ ತೆಗೆದು, ಫೋನಿನಲ್ಲಿ ಮಗನನ್ನು ಕರೆದು, ಬೇಗ ಬಾ ಎಂದಷ್ಟೇ ಹೇಳಿದಳು. ಆಮೇಲೆ ಆಕಾಶದ ಕಡೆ ಒಮ್ಮೆ, ತಿಕೋಟಾ ರಸ್ತೆಯ ಕಡೆ ಒಮ್ಮೆ ನೋಡಿದಳು. ಕೆಳಗೆ ಬಾ ಎಂದು ಅವಳು ಕರೆಯುತ್ತಾಳೆಂದು ರುಕ್ಸಾರ ಕಾದಳು.

ಪೀರಾಂಬಿ ಕರೆಯಲಿಲ್ಲ. ಸುತ್ತಿ ಬಂದು, ಮೊಣಕಾಲ ಮೇಲೆ ಕೈಯೂರಿ, ಗಾಳಿ ಬರುವ ದಿಕ್ಕಿನಲ್ಲಿ ಮಗಳಿಗೆ ಒತ್ತಿ ಕೂತಳು. ಸೆರಗಿನ ಎರಡೂ ತುದಿ ಹಿಡಿದು ತೋಳು ಅಗಲ ಮಾಡಿದಳು. ಸೀರೆ ಬೆನ್ನಿಗೆ ಅಂಟಿಕೊಂಡು ಪಟಪಟಿಸಿತು, ಬಿಳಿ ಕೂದಲು ಬಿಚ್ಚಿ ಮುಖದ ತುಂಬ ಹಾರಿತು. ಮಾಳಿಗೆಯ ಮೇಲಿನ ಗಾಳಿ ಒಂದೇ ಕಡೆಯಿಂದ ಬೀಸುವಂಥದ್ದಲ್ಲ. ಅದು ಮಗ್ಗುಲು ಬದಲಿಸಿದಾಗಲೆಲ್ಲ ಪೀರಾಂಬಿಯೂ ನೆಲಕ್ಕೆ ಕೈಯೂರಿ, ಕೂತಲ್ಲಿಂದಲೇ ತೆವಳಿ ಸರಿದು, ಮತ್ತೆ ಅದಕ್ಕೆ ಬೆನ್ನು ಕೊಟ್ಟಳು.