ಸುಸ್ತು ಕಾಶಿಬಾಯಿಯದು

ರಚನಾ ನಡೆದಳು, ಸುಸ್ತಾದದ್ದು ಕಾಶಿಬಾಯಿಗೆ. ಮೊದಲ ದಿನ ಈ ಎರಡು ಸಂಗತಿಗಳನ್ನು ಯಾರೂ ಜೋಡಿಸಿ ನೋಡಲಿಲ್ಲ.

ಅವರ ಮನೆ ನಾಗಪುರದ ಅಜನಿ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಪ್ರಸನ್ನನಿಗೆ ಹುಬ್ಬಳ್ಳಿಯಿಂದ ವರ್ಗವಾದಾಗ ರಚನಾ ಎಂಟನೆಯ ಇಯತ್ತೆಯಲ್ಲಿದ್ದಳು. ಹೊಸ ಶಾಲೆಯಲ್ಲಿ ಭೂಗೋಳ ಮರಾಠಿಯಲ್ಲಿ, ಬೈಗುಳ ಹಿಂದಿಯಲ್ಲಿ. ಒಂದು ವರ್ಷ ಬಾಯಿಬಿಡದೆ ಕೂತಳು. ಒಂದು ಬೆಳಿಗ್ಗೆ ಪಾಟೀಚೀಲವನ್ನು ಗೂಟಕ್ಕೆ ಹಾಕಿದವಳು ಮತ್ತೆ ಇಳಿಸಲಿಲ್ಲ. ಯಾರೂ ಬಹಳ ಒತ್ತಾಯ ಮಾಡಲೂ ಇಲ್ಲ. ಮನೆಯಲ್ಲಿ ಅಜ್ಜಿ ಕಾಶಿಬಾಯಿ ಇದ್ದಳು, ಅಜ್ಜಿ ಕರೆದಾಗ ಓಡಲು ಯಾರಾದರೂ ಬೇಕಿತ್ತು. ಹಾಗೆ ಓಡುತ್ತ ಓಡುತ್ತ, ಅಡಿಗೆಮನೆಗೂ ಪಡಸಾಲೆಗೂ ನಡುವೆ, ಅವಳು ಮದುವೆಯ ವಯಸ್ಸಿಗೆ ಬಂದಳು.

ಆಗಲೇ ಧಂತೋಲಿಯ ಚಾರುಲತಾಬಾಯಿ ತನ್ನ ಹೊಲಿಗೆ ಅಂಗಡಿಗೆ ಸೀರೆಗೆ ಫಾಲ್ ಹಚ್ಚುವ ಹುಡುಗಿ ಬೇಕೆಂದು ಹೇಳಿಕಳಿಸಿದ್ದು. ಅವ್ವ ಹೇಮಲತಾ ಗಂಡನಿಗೆ ದಿನಾ ಸಂಜೆ ಚಹಾದ ಜೊತೆ ಈ ಮಾತನ್ನೂ ಕೊಟ್ಟಳು. ಕೊನೆಗೆ ಪ್ರಸನ್ನ, ‘ಆತು, ಹೋಗಲಿ. ಯಾರಿಗೂ ತ್ರಾಸ ಆಗಬಾರದು ನೋಡು’ ಎಂದ. ಅದೊಂದೇ ಷರತ್ತು.

ಯಾರಿಗೂ ತ್ರಾಸ ಕೊಡುವ ಹುಡುಗಿಯಲ್ಲ ರಚನಾ. ಮೊದಲ ದಿನ ನಡೆದುಕೊಂಡು ಹೋದಳು, ನಡೆದುಕೊಂಡು ಬಂದಳು. ಹೋದ ಹಾಗೇ ಬಂದಳು. ಮುಖಕ್ಕೆ ಹಚ್ಚಿದ ಪೌಡರ್ ಕೂಡ ಅಳಿಸಿರಲಿಲ್ಲ. ಮನೆಯಲ್ಲಿ ಕಾಶಿಬಾಯಿ ಮಾತ್ರ ಮಡಿಸಿದ ಕೌದಿಯ ಮೇಲೆ ಕಾಲಿಟ್ಟು ಮಲಗಿ ನರಳುತ್ತಿದ್ದಳು. ‘ಯವ್ವಾ, ಮೀನಖಂಡ ಹಿಡದಾವ ನೋಡ. ಏನೂ ಮಾಡಿಲ್ಲ, ಎಲ್ಲೂ ಹೋಗಿಲ್ಲ.’

ಮರುದಿನ ಚಾರುಲತಾಬಾಯಿ ರಾಮದಾಸಪೇಠೆಯ ಒಬ್ಬ ಗಿರಾಕಿಗೆ ಸೀರೆ ಮುಟ್ಟಿಸಿ ಬರಲು ಕಳಿಸಿದಳು. ಆ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ರಚನಾ ಮೂರು ಮಾಳಿಗೆ ಹತ್ತಿದಳು, ಇಳಿದಳು, ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಹಾಸಿಗೆಯಿಂದ ಪ್ರಶ್ನೆ ಬಂತು.

‘ಇವತ್ತ ಮೆಟ್ಟಲಾ ಏರಿದೇನ?’

‘ಹೂಂ. ನಿನಗ ಹೆಂಗ ಗೊತ್ತಾತಜ್ಜಿ?’

‘ನನ್ನ ತೊಡಿ ಹೇಳ್ಯಾವ. ಮೂರು ಮಾಳಿಗಿ, ಬರೋಬರ್?’

ಇಂಥದ್ದು ಎಲ್ಲಾದರೂ ಉಂಟೇ ಎಂದು ಯಾರಾದರೂ ಕೇಳಬಹುದಿತ್ತು. ಪ್ರಸನ್ನ ಕೇಳಿದ್ದು ಬೇರೆ. ‘ರಚನಾ, ಸ್ವಲ್ಪರೆ ವಿಚಾರ ಬ್ಯಾಡ? ಈ ವಯಸ್ಸಿನಾಗ ಅಜ್ಜೀನ್ನ ಮೂರು ಮಾಳಿಗಿ ಏರಸ್ತಿಯಲ್ಲ?’

ಹತ್ತಿದ್ದು ನಾನು ಎಂಬ ಮಾತು ರಚನಾಳ ಗಂಟಲವರೆಗೆ ಬಂತು. ಅಲ್ಲಿಂದ ಮುಂದೆ ಬರುವ ರೂಢಿ ಅವಳ ಮಾತುಗಳಿಗೆ ಇರಲಿಲ್ಲ. ಅವಳು ಎಣ್ಣೆಯ ಬಟ್ಟಲು ತಂದು ಅಜ್ಜಿಯ ಕಾಲು ಒತ್ತುತ್ತ ಕೂತಳು.

ಅಂಗಡಿಯಲ್ಲಿ ಕೆಲಸ ಬೆಳೆಯಿತು. ಎಷ್ಟು ನಡೆದರೂ ದಣಿಯದ ಹುಡುಗಿ ಸಿಕ್ಕರೆ ಯಾರು ಬಿಡುತ್ತಾರೆ? ರಾಮದಾಸಪೇಠೆ ಆಯಿತು, ಧರಮಪೇಠೆ ಆಯಿತು, ವಾರದಿಂದ ವಾರಕ್ಕೆ ದಾರಿ ಉದ್ದವಾಯಿತು. ಚಾರುಲತಾಬಾಯಿ ಬೆರಗಾಗಿ, ‘ತೂ ಥಕತ್ ನಾಹೀಸ್ ಕಾ ಗ?’ ಎಂದಳು, ನಿನಗೆ ದಣಿವೇ ಇಲ್ಲವೇನೆ ಎಂದು. ‘ಮನೆಯಲ್ಲಿ ಅಜ್ಜಿ ದಣೀತಾಳೆ’ ಎಂದು ರಚನಾ ತನ್ನ ಅರೆಬರೆ ಮರಾಠಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಚಾರುಲತಾಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಹುಡುಗಿಗೆ ಚೇಷ್ಟೆಯೂ ಬರುತ್ತದೆ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು.

ಇತ್ತ ಹೇಮಲತಾ ಅತ್ತೆಯ ತಾಟಿಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕತೊಡಗಿದಳು, ತುಪ್ಪವನ್ನೂ. ‘ತಿನ್ರಿ ಅತ್ತಿ. ಧರಮಪೇಠ ಅಂದ್ರ ಏನ್ ಕಮ್ಮೀ ದಾರೀನ?’ ಉಪ್ಪು ಹಾಕಿದ ಬಿಸಿನೀರಿನಲ್ಲಿ ಅಜ್ಜಿಯ ಪಾದ ಇಡಿಸುವುದು ರಚನಾಳ ಕೆಲಸ. ನೀರು ಹೊತ್ತು ತಂದದ್ದಕ್ಕೂ ಅಜ್ಜಿಗೇ ತೋಳು ನೋಯುತ್ತಿತ್ತೋ ಏನೋ, ಅದನ್ನು ಮಾತ್ರ ಅವಳು ಹೇಳಲಿಲ್ಲ.

ಸುಸ್ತು ವಿಪರೀತವಾದಾಗ ಪ್ರಸನ್ನ ತಾಯಿಯನ್ನು ಆಟೋದಲ್ಲಿ ಡಾಕ್ಟರ್ ವಸುಧಾ ಅವರ ದವಾಖಾನೆಗೆ ಕರೆದೊಯ್ದ. ರಚನಾಳೂ ಜೊತೆಗೆ ಹೋದಳು. ಎಷ್ಟು ನಡೆದದ್ದು ಎಂದು ಹೇಳಲು ಒಬ್ಬರು ಬೇಕಲ್ಲ. ಪ್ರಸನ್ನ ಹಿಂದಿಯಲ್ಲಿ ಎಲ್ಲವನ್ನೂ ಮುಚ್ಚಿಡದೆ ಹೇಳಿದ. ಮಗಳು ನಡೆಯುತ್ತಾಳೆ, ತಾಯಿ ದಣಿಯುತ್ತಾಳೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

‘ಜಾಯಿಂಟ್ ಫ್ಯಾಮಿಲಿಯೇ?’

‘ಹೌದ್ರಿ.’

‘ಅದೇ ಮತ್ತೆ. ಇಂಥ ಕೇಸು ಬಹಳ ಬರುತ್ತವೆ. ಹೋದ ವಾರ ಒಬ್ಬರು ಬಂದಿದ್ದರು. ಮಗ ಕುಡಿಯುತ್ತಾನೆ, ಬೆಳಿಗ್ಗೆ ತಲೆ ಹಿಡಿಯುವುದು ಅಪ್ಪನಿಗೆ.’

ಒಮ್ಮೆಲೇ ನಡಿಗೆ ಹೆಚ್ಚಿಸಿದರೆ ಮೊದಮೊದಲು ಹೀಗೆ ಆಗುವುದೇ ಎಂದು ಅವರು ಸಮಾಧಾನ ಹೇಳಿದರು. ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ವಾರಕ್ಕೊಂದು ದಿನ ಬಿಡಿ, ನೀರು ಕುಡಿಯಿರಿ, ಸರಿಯಾಗಿ ಉಣ್ಣಿರಿ, ಮೈಗೆ ರಕ್ತ ಕಡಿಮೆಯಿದ್ದರೂ ಸುಸ್ತಾಗುತ್ತದೆ, ಅದನ್ನೊಮ್ಮೆ ನೋಡಿಬಿಡೋಣ. ರಕ್ತ ಕಾಶಿಬಾಯಿಯದನ್ನೇ ತೆಗೆದರು. ರಕ್ತದಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊನೆಗೆ ಡಾಕ್ಟರು, ‘ಆಜೀ, ಒಳ್ಳೆಯ ಬೂಟು ಹಾಕಿಕೊಳ್ಳಿ’ ಎಂದರು. ಬರುವ ದಾರಿಯಲ್ಲೇ ಬೂಟು ಕೊಂಡರು. ಕಾಶಿಬಾಯಿ ಅವತ್ತಿನಿಂದ ರಚನಾ ಮನೆ ಬಿಡುವ ಹೊತ್ತಿಗೆ ಬೂಟು ಕಟ್ಟಿಕೊಂಡು ಮಂಚದ ಮೇಲೆ ಒರಗುತ್ತಿದ್ದಳು. ರಚನಾಳ ಕಾಲಲ್ಲಿ ಅದೇ ಹಳೆಯ ಚಪ್ಪಲಿ.

ಸುದ್ದಿ ಕಾಲೊನಿಯಲ್ಲಿ ಹರಡಿತು. ಬೆಳಗಿನ ವಾಯುವಿಹಾರದ ಮಂಡಳಿಯ ಅಧ್ಯಕ್ಷ ದತ್ತು ಕಾಕಾ, ನಿವೃತ್ತ ಗಾರ್ಡ್, ಅಜ್ಜಿಗೆ ಸತ್ಕಾರವಾಗಲೇಬೇಕೆಂದು ಪಟ್ಟು ಹಿಡಿದ. ಸುಸ್ತಿನಿಂದ ಅವಳಿಗೆ ಏಳಲಾಗದೆ, ಇಬ್ಬರು ಪ್ಲಾಸ್ಟಿಕ್ ಕುರ್ಚಿ ಸಮೇತ ಎತ್ತಿ ಕಾಲೊನಿಯ ಸಭಾಂಗಣಕ್ಕೆ ತಂದರು. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಈ ವಯಸ್ಸಿನಲ್ಲಿ ದಿನಾ ಧರಮಪೇಠೆಯವರೆಗೆ ನಡೆಯುವ ಈ ತಾಯಿಯನ್ನು ನೋಡಿ, ಎರಡು ಹೆಜ್ಜೆಗೆ ಆಟೋ ಹುಡುಕುವ ಇಂದಿನ ಹುಡುಗಿಯರು ನಾಚಿಕೊಳ್ಳಬೇಕು ಎಂದು ದತ್ತು ಕಾಕಾ ಭಾಷಣ ಮಾಡಿದ. ಹಾಗೆನ್ನುವಾಗ ಅವನ ಕೈ ತೋರಿದ್ದು ಸಮೋಸಾ ತಾಟು ಹಿಡಿದು ನಿಂತಿದ್ದ ರಚನಾಳ ಕಡೆಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ತಾಟು ಇಟ್ಟು ರಚನಾಳೂ ತಟ್ಟಿದಳು.

ಇದೆಲ್ಲ ಅವಳಿಗೆ ನುಂಗಲಾಗದ ತುತ್ತೇನೂ ಆಗಿರಲಿಲ್ಲ. ಸುಸ್ತು, ರೊಟ್ಟಿ, ಶಾಲು ಎಲ್ಲ ಅಜ್ಜಿಗೇ ಹೋಗಲಿ. ಅವಳಿಗೆ ಬೇಕಿದ್ದದ್ದು ನಡಿಗೆ. ದಾರಿಯಲ್ಲಿ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ನೀರು ತಾ, ಮಾತ್ರೆ ತಾ, ಕನ್ನಡಕ ಎಲ್ಲಿ ನೋಡು ಎಂದು ಯಾರೂ ಹೇಳುತ್ತಿರಲಿಲ್ಲ. ಅದರ ಮೇಲೆ ಧರಮಪೇಠೆಯ ಒಂದು ಓಣಿಯಲ್ಲಿ ಅವಳಿಗೊಂದು ಜಾಗ ಸಿಕ್ಕಿತ್ತು. ಅಲ್ಲಿ ನಾಯಿಗಳ ಕ್ಷೌರದಂಗಡಿಯಿತ್ತು. ದೊಡ್ಡ ಗಾಜು, ಗಾಜಿನ ಹಿಂದೆ ಎತ್ತರದ ಮೇಜು, ಮೇಜಿನ ಮೇಲೆ ನಾಯಿ. ಒಬ್ಬ ಅದರ ಕೂದಲು ಕತ್ತರಿಸುತ್ತಿದ್ದ, ಒಬ್ಬಳು ಬಿಸಿಗಾಳಿ ಬಿಡುತ್ತಿದ್ದಳು. ಗಾಳಿ ಬಡಿದಾಗ ನಾಯಿಯ ತುಟಿ ಪಟಪಟ ಹೊಡೆದುಕೊಂಡು ಅದರ ಮುಖ ಥೇಟು ರೈಲಿನ ಕಿಟಕಿಯಲ್ಲಿ ಕೂತ ಮುದುಕನ ಹಾಗೆ ಕಾಣುತ್ತಿತ್ತು. ರಚನಾ ದಿನಾ ಸಂಜೆ ಅಲ್ಲಿ ನಿಂತು, ಬಾಯಿಗೆ ಸೆರಗಿಲ್ಲದೆ, ಕೈ ಅಡ್ಡವಿಲ್ಲದೆ ನಗುತ್ತಿದ್ದಳು. ಅವಳು ಹಾಗೆ ನಗುತ್ತಾಳೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು ಶುಕ್ರವಾರ ಊಟದ ಹೊತ್ತಿಗೆ ಕಾಶಿಬಾಯಿ ಎಲ್ಲರ ಮುಂದೆ ಕೇಳಿದಳು. ‘ಅಲ್ಲ ಬೇ, ದಿನಾ ಸಂಜೀಮುಂದ ಎಲ್ಲಿ ನಿಂದರ್ತಿ? ನಡದದ್ದಾದ್ರ ಮೀನಖಂಡ ಹಿಡೀತಾವ. ಇದು ಹಿಮ್ಮಡ ಉರಿಯೂದು. ನಿಂತ ಉರಿ ಇದು.’

ಪ್ರಸನ್ನನ ಕೈಯ ತುತ್ತು ಅಲ್ಲೇ ನಿಂತಿತು. ‘ನಿಂದರತಾಳ? ದಿನಾ? ಯಾರ ಜೋಡಿ?’

‘ಯಾರ ಜೋಡೀನೂ ಇಲ್ಲಪ್ಪ.’

‘ಮತ್ತ ಸುಮ್ಸುಮ್ನ ಯಾರರ ನಿಂದರತಾರ?’

ರಚನಾ ನೆಲ ನೋಡುತ್ತ ಹೇಳಿದಳು. ‘ನಾಯಿಗೆ ಕಟಿಂಗ್ ಮಾಡ್ತಾರ. ಅದನ್ನ ನೋಡ್ತೇನಿ.’

‘ನಾಯಿಗೆ?’

‘ಹೂಂ. ಆಮ್ಯಾಲ ಬಿಸಿಗಾಳಿ ಬಿಡ್ತಾರ.’

ಪ್ರಸನ್ನ ಹೆಂಡತಿಯ ಮುಖ ನೋಡಿದ. ಹೇಮಲತಾ ಸಾರಿನ ಪಾತ್ರೆ ನೋಡಿದಳು. ಮಂಚದ ಮೇಲೆ ಕೂತ ಮುದುಕಿ ಧರಮಪೇಠೆ ಸುತ್ತಿ ದಣಿಯುವುದನ್ನು ನಂಬಿದ್ದ ಮನೆ ಅದು. ಬೂಟು ಕೊಂಡಿತ್ತು, ಶಾಲು ಹೊದಿಸಿಕೊಂಡಿತ್ತು. ನಾಯಿಯ ಕ್ಷೌರವನ್ನು ಮಾತ್ರ ಅಲ್ಲಿ ಯಾರೂ ನಂಬಲಿಲ್ಲ.

‘ಸುಳ್ಳು ಹೇಳಾಕರೆ ನೆಟ್ಟಗ ಕಲಿಬೇಕಲೇ,’ ಎಂದ ಪ್ರಸನ್ನ. ‘ಸಾಕು. ನಾಳಿ ಒಂದಿನ ಹೋಗು. ಸೋಮವಾರದಿಂದ ನಾ ಸ್ಕೂಟರ್ ಮ್ಯಾಲ ಬಿಡ್ತೇನಿ, ನಾನ ಕರಕೊಂಡು ಬರ್ತೇನಿ. ಎಲ್ಲೂ ಸೀರಿ ಹಂಚಾಕ ಹೋಗೂದು ಬ್ಯಾಡ. ಅವ್ವನ ಕಾಲಿಗೂ ಆರಾಮ ಸಿಗತೇತಿ.’

ಮಾತು ಮುಗಿಯಿತು. ಅವನು ಅದನ್ನು ಪ್ರೀತಿಯಿಂದಲೇ ಹೇಳಿದ್ದು, ಹಾಗಾಗಿ ಎದುರಾಡಲು ಹಿಡಿಕೆಯೇ ಇರಲಿಲ್ಲ.

ಶನಿವಾರ ಧರಮಪೇಠೆಯಲ್ಲಿ ಕೊನೆಯ ಸೀರೆ ಮುಟ್ಟಿಸಿದ ಮೇಲೆ ರಚನಾ ನಾಯಿಯಂಗಡಿಯ ಮುಂದೆ ನಿಂತಳು. ಅವತ್ತು ನಗು ಬರಲಿಲ್ಲ. ಮನೆಯ ಕಡೆ ತಿರುಗಬೇಕಾದ ತಿರುವಿನಲ್ಲಿ ಕಾಲು ತಿರುಗಲಿಲ್ಲ. ಅವಳು ನೆಟ್ಟಗೆ ಹೋದಳು. ದಾರಿ ಸೆಮಿನರಿ ಹಿಲ್ಸ್ ಕಡೆಗೆ ಏರತೊಡಗಿತು, ಅವಳೂ ಏರಿದಳು. ದಣಿವಾಗಿದ್ದರೆ ನಿಲ್ಲುತ್ತಿದ್ದಳೇನೋ. ದಣಿವು ಅವಳ ಹತ್ತಿರ ಇರಲಿಲ್ಲವಲ್ಲ, ನಿಲ್ಲಲು ಕಾರಣವೇ ಸಿಗಲಿಲ್ಲ. ಹೊತ್ತು ಮುಳುಗುತ್ತಿತ್ತು.

ಫೋನು ಬಡಿದುಕೊಂಡಿತು. ಅಪ್ಪನದು. ಎತ್ತಿದರೆ ಅಜ್ಜಿಯ ದನಿ, ಏದುಸಿರು.

‘ಎಲ್ಲದೀಬೇ? ಗುಡ್ಡದ ಮ್ಯಾಲ ಅದೀಯೇನ?’

‘ಹೂಂ.’ ಅಜ್ಜಿ ಬೈಯಲಿ ಎಂದು ಕಾದಳು. ಬೈಗುಳ ಬರಲಿಲ್ಲ. ಏದುಸಿರು ಮಾತ್ರ ಬರುತ್ತಿತ್ತು, ಅದರ ಹಿಂದೆ ಅಪ್ಪ ಕೂಗಾಡುವುದು.

‘ಇನ್ನೂ ಎಷ್ಟ ಐತಿ?’

‘ಇನ್ನೊಂದೀಟು ಏರಿದ್ರ ಮುಗೀತು. ನಾ ಹೊಳ್ಳಿ ಬರ್ತೇನಜ್ಜಿ, ನಿನಗ—’

‘ಏ ಹುಚ್ಚಿ, ಇಷ್ಟು ಏರಿ ಹೊಳ್ಳೂದೇನ? ಹುಬ್ಬಳ್ಳಿ, ಗದಗ, ನಾಗಪುರ, ಎಲ್ಲಾ ಕಡೆ ನಾ ಕ್ವಾರ್ಟರ್ಸಿನ ಅಡಿಗಿಮನಿ ನೋಡೇನಿ. ಗುಡ್ಡಾ ಏರಿದ್ದು ಇದ ಮೊದಲ. ಏರು ನೀ. ನಾ ತಡಕೋತೇನಿ.’

ರಚನಾ ಏರಿದಳು. ಫೋನು ಕಿವಿಗೆ ಹಿಡಿದೇ ಇದ್ದಳು. ಒಬ್ಬಳು ನಡೆದಳು, ಒಬ್ಬಳು ಉಸಿರಾಡಿದಳು. ಮೇಲೆ ತಲುಪಿದಾಗ ದೂರದಲ್ಲಿ ಫುಟಾಳಾ ಕೆರೆಯ ದಂಡೆಯ ದೀಪಗಳು ಕಂಡವು.

‘ಏನ್ ಕಾಣತೇತಿ?’

‘ಕೆರಿ ಅಜ್ಜಿ. ಸುತ್ತಲೂ ಲೈಟ್.’

‘ಚಲೋ ಐತೇನ?’

‘ಭಾಳ ಚಲೋ ಐತಿ.’

‘ಇರ್ಲಿ. ಈಗ ಆಟೋ ಮಾಡ್ಕೊಂಡು ಬಾ. ಇಳಿಜಾರು ನನಗ ಆಗೂದಿಲ್ಲ, ಮೊಳಕಾಲು ನೋಯ್ತಾವ.’

ಮನೆಯ ಬಾಗಿಲಲ್ಲೇ ಪ್ರಸನ್ನ ನಿಂತಿದ್ದ. ಅವನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಕಾಶಿಬಾಯಿ ಕೂಗಿದಳು. ‘ಪ್ರಸನ್ನಾ, ಆಕೀನ್ನ ಒಳಗ ಬಿಡು. ಸೋಮವಾರ ನಿನ್ನ ಸ್ಕೂಟರ್ ಬ್ಯಾಡ.’

‘ಅವ್ವಾ, ನಿನ್ನ ಸಲುವಾಗೇ ಅಂದದ್ದು. ನಿನಗ ಸುಸ್ತು—’

‘ಸುಸ್ತು ನಂದು. ನಾ ಬ್ಯಾಡಂದೇನೇನ?’

‘ಮತ್ತ ಅಲ್ಲಿ ದಿನಾ ನಿಂದರೂದು? ಅದ್ಯಾರ ಸಲುವಾಗಿ?’

ಕಾಶಿಬಾಯಿ ಒಂದು ಗಳಿಗೆ ಮೊಮ್ಮಗಳ ಮುಖ ನೋಡಿದಳು.

‘ನನ್ನ ಸಲುವಾಗಿ. ಒಂದ ಸವನ ನಡದರ ನನಗ ದಮ್ ಹತ್ತೂದಿಲ್ಲೇನಲೇ? ನಡುವ ನಿಂದ್ರು ಅಂತ ನಾನ ಹೇಳೇನಿ. ಇನ್ನೂ ಏನರ ಕೇಳೂದೈತೇನ?’

ಕೇಳುವುದು ಬಹಳ ಇತ್ತು. ಆದರೆ ಇಡೀ ಕಾಲೊನಿ ಸತ್ಕಾರ ಮಾಡಿದ ಸುಸ್ತಿನ ಮುಂದೆ ಪ್ರಸನ್ನ ಏನು ಕೇಳಿಯಾನು? ಕೈಕಾಲು ತೊಳೆಯಲು ಬಚ್ಚಲಿಗೆ ಹೋದ. ಹೇಮಲತಾ ರೊಟ್ಟಿ ಬಡಿಯಲು ಕೂತಳು.

ರಚನಾ ಎಣ್ಣೆಯ ಬಟ್ಟಲು ಹಿಡಿದು ಮಂಚದ ಬಳಿ ಬಂದಳು. ಅಜ್ಜಿಯ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಬಚ್ಚಲಿನಲ್ಲಿ ನೀರಿನ ಸದ್ದು ಶುರುವಾದ ಮೇಲೆ ಕಾಶಿಬಾಯಿ ಬಗ್ಗಿ, ದನಿ ತಗ್ಗಿಸಿ ಕೇಳಿದಳು.

‘ನಾಯಿ ಅಂಗಡಿ ಖರೇನ ಐತೇನ?’

‘ಖರೇನಜ್ಜಿ.’

‘ಕೂದಲಾ ತಗಿಯೂ ಮುಂದ ಒದರತಾವೇನ?’

‘ಇಲ್ಲಜ್ಜಿ. ಸಣ್ಣೂವು ನಿದ್ದಿ ಮಾಡ್ತಾವ. ಒಂದು ದೊಡ್ಡದೈತಿ, ಅದು ಕನ್ನಡಿ ನೋಡಕೋತ ಕುಂದರತೇತಿ, ಹಿಂಗ’ ಎಂದು ರಚನಾ ಕತ್ತು ಉದ್ದ ಮಾಡಿ, ಕಣ್ಣು ಅರ್ಧ ಮುಚ್ಚಿ ತೋರಿಸಿದಳು.

ಕಾಶಿಬಾಯಿಗೆ ನಗು ಬಂತು. ನಗು ತಡೆಯಲು ಹೋಗಿ ಕೆಮ್ಮು ಬಂತು. ‘ಆಮ್ಯಾಲ?’ ಎಂದಳು.

ರಚನಾ ಹೇಳತೊಡಗಿದಳು. ಅಷ್ಟು ಉದ್ದ ಅವಳು ಎಂದೂ ಮಾತಾಡಿರಲಿಲ್ಲ. ರೊಟ್ಟಿ ಆದವು ಬರ್ರಿ ಎಂದು ಅವ್ವ ಕರೆದಾಗಲೂ ಅವಳು ಇನ್ನೂ ಮೂರನೆಯ ನಾಯಿಯಲ್ಲಿದ್ದಳು.